ಟೈಗರ್ ಸರ್ಕಲ್‌ನ ಆ ಮೇಜುಗಳು ಎಲ್ಲಿ ಹೋದವು?

ಮಣಿಪಾಲದಲ್ಲಿ ಓದಿದ ಇಬ್ಬರು ಎಲ್ಲಿಯಾದರೂ ಸಿಕ್ಕರೆ ಐದೇ ನಿಮಿಷದಲ್ಲಿ ಮಾತು ಊಟಕ್ಕೆ ಬಂದು ನಿಲ್ಲುತ್ತದೆ. ಯಾವ ಸೆಮಿಸ್ಟರ್‌ನಲ್ಲಿ ಏನು ಓದಿದೆವು ಅನ್ನೋದು ಮರೆತಿರುತ್ತದೆ. ಅಲ್ಲಿನ ಹೋಟೆಲುಗಳ ಪೈಕಿ ಡೀಟೀಯಲ್ಲಿ ಯಾವ ಮೂಲೆ ನಮ್ಮದು, ಡಾಲಪ್ಸ್‌ನಲ್ಲಿ ಯಾರ ಹುಟ್ಟುಹಬ್ಬಕ್ಕೆ ಯಾರು ಬಿಲ್ಲು ಕೊಟ್ಟರು, ಪಂಗಾಳದಲ್ಲಿ ಕೊನೆಯ ಸಲ ಉಂಡದ್ದು ಯಾವಾಗ, ಇದೆಲ್ಲ ನಿನ್ನೆ ನಡೆದ ಹಾಗೆ ನೆನಪಿರುತ್ತದೆ. ನಾನೂ ಅವರಲ್ಲೊಬ್ಬ. 1990ರ ದಶಕದಲ್ಲಿ ನಾಲ್ಕು ವರ್ಷ ಅಲ್ಲಿ ಎಂಜಿನಿಯರಿಂಗ್ ಓದಿದೆ. ಘಟ್ಟದ ಮೇಲಿನ ಊರಿನಿಂದ ಆಗುಂಬೆ ಇಳಿದು ಬಂದವನಿಗೆ ಮೀನು ತಿನ್ನಲು ಕಲಿಸಿದ್ದು ಮಣಿಪಾಲದ ಟೈಗರ್ ಸರ್ಕಲ್ ಸುತ್ತಲಿನ ಆ ಬೀದಿ.

ಈಗ ಹೋದರೆ ಆ ಬೀದಿ ಗುರುತೇ ಸಿಗುವುದಿಲ್ಲ. ಅಗಲವಾದ ಹೆದ್ದಾರಿ, ನಡುವೆ ಡಿವೈಡರ್, ಎರಡೂ ಕಡೆ ಗಾಜಿನ ಮುಖದ ಕಟ್ಟಡಗಳು. "ಊರು ಬೆಳೆಯಿತು, ಹಳೆಯದು ಹೋಯಿತು" ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅಷ್ಟು ಸಲೀಸಾಗಿ ಒಪ್ಪಲು ಆಗುವುದಿಲ್ಲ. ಆ ಬಾರು, ಹೋಟೆಲುಗಳ ಸಾಲು ತಾನಾಗಿ ಹುಟ್ಟಿದ್ದೂ ಅಲ್ಲ, ತಾನಾಗಿ ಕರಗಿದ್ದೂ ಅಲ್ಲ. ಎರಡರಲ್ಲೂ ಕಾನೂನಿನ ಪಾಲಿದೆ, ರಸ್ತೆಯ ಪಾಲಿದೆ.

ಮೊದಲು ಗುಡ್ಡದಿಂದ ಶುರು ಮಾಡೋಣ. ಮಣಿಪಾಲ ಅನ್ನೋದು ಉಡುಪಿಯಿಂದ ನಾಲ್ಕೈದು ಕಿಲೋಮೀಟರ್ ದೂರದ ಮುರಕಲ್ಲಿನ ಬೋಳು ಗುಡ್ಡವಾಗಿತ್ತು. ಮಣ್ಣಪಳ್ಳ ಎಂಬ ಕೆರೆಯಿಂದ ಊರಿಗೆ ಆ ಹೆಸರು ಬಂತು ಅಂತಾರೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ದೇಶದಲ್ಲಿ ಖಾಸಗಿಯವರು ಕಟ್ಟಿದ ಮೊದಲ ಮೆಡಿಕಲ್ ಕಾಲೇಜುಗಳಲ್ಲಿ ಅದೂ ಒಂದು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು.

ಆ ಹೊತ್ತಿಗೆ ಮಣಿಪಾಲದಲ್ಲಿ ಬಾರ್ ಇರಲು ಸಾಧ್ಯವೇ ಇರಲಿಲ್ಲ. 1953ರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಮದ್ರಾಸ್ ಸರ್ಕಾರ 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಪಾನನಿಷೇಧ ಹೇರಿ ಆಗಿತ್ತು. ತೆಂಗು, ತಾಳೆಯಿಂದ ಕಳ್ಳು ಇಳಿಸುವುದೇ ಕಸುಬಾಗಿದ್ದ ಕರಾವಳಿಯಲ್ಲಿ ಗಡಂಗುಗಳಿಗೆ ಬೀಗ ಬಿದ್ದಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆದರೂ ನಿಷೇಧ ಸಡಿಲವಾಗಲು 1960ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಅಂದರೆ ಕಾಲೇಜಿನ ಮೊದಲ ಹತ್ತು ಹನ್ನೆರಡು ಬ್ಯಾಚಿನ ವೈದ್ಯರು ಓದಿದ್ದು ಒಣ ಗುಡ್ಡದ ಮೇಲೆ. ಅವರ ನೆನಪಿನಲ್ಲಿ ಬಾರ್ ಇಲ್ಲ. ಉಡುಪಿಯ ದೋಸೆ, ಗೋಳಿಬಜೆ, ಕಾಫಿ ಇವೆ.

ನಿಷೇಧ ಹೋದ ಮೇಲೆ ಯಾರು ಬಂದು ಕೂತರು? ವಿದ್ಯಾರ್ಥಿಗಳು ಅಂತ ಅನಿಸುತ್ತದೆ, ಅಲ್ವಾ? ಅವರಷ್ಟೇ ಅಲ್ಲ. 1961ರಲ್ಲಿ ಕಸ್ತೂರ್ಬಾ ಆಸ್ಪತ್ರೆ ಶುರುವಾಗಿತ್ತು. ರೋಗಿಯ ಜೊತೆ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದಿಂದ ಬಂದವರಿಗೆ ಎರಡು ಹೊತ್ತು ಊಟ ಬೇಕಿತ್ತು. ಸಿಂಡಿಕೇಟ್ ಬ್ಯಾಂಕಿನ ಮುಖ್ಯ ಕಚೇರಿ ಅಲ್ಲೇ ಇತ್ತು. ದೇಶದ ಎಲ್ಲ ಕಡೆಯಿಂದ ವರ್ಗವಾಗಿ ಬಂದ ಗುಮಾಸ್ತರು, ಅಧಿಕಾರಿಗಳು ಬಾಡಿಗೆ ರೂಮಿನಲ್ಲಿ ಒಂಟಿಯಾಗಿ ಇರುತ್ತಿದ್ದರು. 1970ರಲ್ಲಿ ಉದಯವಾಣಿ ಪತ್ರಿಕೆ ಶುರುವಾಯಿತು. ಅದರ ಕೆಲಸ ನಡೆಯುವುದೇ ರಾತ್ರಿ. ಜೊತೆಗೆ ಮಣಿಪಾಲದ ಮುದ್ರಣಾಲಯದ ಪಾಳಿಗಳು ಬೇರೆ. ಇಷ್ಟು ಸಣ್ಣ ಗುಡ್ಡದ ಮೇಲೆ, ಮನೆಯಲ್ಲಿ ಅಡುಗೆ ಮಾಡಿಕೊಳ್ಳದ ಇಷ್ಟೊಂದು ಜನ ಇದ್ದರು. ಟೈಗರ್ ಸರ್ಕಲ್ ಸುತ್ತ ಹೋಟೆಲು ಬೆಳೆದದ್ದು ಇವರೆಲ್ಲರಿಂದ. ಮೆಸ್ಸಿನ ಸಾರಿಗೆ ಬೇಸತ್ತ ನಮ್ಮಂಥವರು ಆಮೇಲೆ ಅದೇ ಮೇಜುಗಳಿಗೆ ಸೇರಿಕೊಂಡೆವು.

ನಾವು ಖಾಯಂ ಹೋಗುತ್ತಿದ್ದ ಜಾಗದ ಹೆಸರು ಹೇಳುವುದಿಲ್ಲ. ಅಂಥವು ಆಗ ಬೇಕಾದಷ್ಟಿದ್ದವು, ಎಲ್ಲದರ ರೂಪವೂ ಒಂದೇ. ಮೆಟ್ಟಿಲು ಹತ್ತಿ ಹೋಗಬೇಕು. ಬಾಗಿಲಲ್ಲೇ ಗಲ್ಲಾ, ಅದರ ಮೇಲೆ ಮಾಲೆ ಹಾಕಿದ ದೇವರ ಫೋಟೊ, ಊದುಬತ್ತಿ. ಒಳಗೆ ಮಂದ ಬೆಳಕು, ಸನ್‌ಮೈಕಾ ಹಾಕಿದ ಮೇಜು, ನಿಧಾನವಾಗಿ ತಿರುಗುವ ಫ್ಯಾನು. ಮೂಲೆಯಲ್ಲಿ ಪರದೆ ಬಿಟ್ಟ 'ಫ್ಯಾಮಿಲಿ ರೂಂ'. ಬಂಗುಡೆ ಪುಳಿಮುಂಚಿ, ಅಂಜಲ್ ತವಾ ಫ್ರೈ, ಕೋರಿ ರೊಟ್ಟಿ. ಕುಂದಾಪುರದಿಂದ ಬಂದ ಚಿಕನ್ ಘೀ ರೋಸ್ಟ್. ಅದರ ಪಕ್ಕದಲ್ಲೇ ಗೋಬಿ ಮಂಚೂರಿ, ಫ್ರೈಡ್ ರೈಸ್. ಅಡುಗೆಮನೆಯಿಂದ ತುಳು, ಗಲ್ಲಾದಲ್ಲಿ ಕೊಂಕಣಿ, ನಮ್ಮ ಮೇಜಿನಲ್ಲಿ ಹಿಂದಿ, ಮಲಯಾಳ, ಘಟ್ಟದ ಕನ್ನಡ.

ನಮಗೆ ಬಡಿಸುತ್ತಿದ್ದ ಸಪ್ಲೈಯರ್ ಅಣ್ಣನಿಗೆ ನಮ್ಮ ಟೈಂಟೇಬಲ್ ಬಾಯಿಪಾಠ ಇತ್ತು. "ಎಂತ ಮಾರಾಯ್ರೆ, ನಾಳೆ ಪರೀಕ್ಷೆ ಉಂಟಲ್ವಾ? ಬೇಗ ಊಟ ಮಾಡಿ ಹೋಗಿ" ಅನ್ನುತ್ತಿದ್ದರು. ಊಟ ತಂದಿಡುತ್ತಿದ್ದರು, ಬಾಟಲಿ ತರುತ್ತಿರಲಿಲ್ಲ. ಪಕ್ಕದ ಮೇಜಿನಲ್ಲಿ ಒಬ್ಬ ರೈತ ಒಂಟಿಯಾಗಿ ಅನ್ನ ಕಲಸುತ್ತ ಕೂತಿದ್ದರೆ ನಾವು ದನಿ ತಗ್ಗಿಸಬೇಕು ಅಂತ ಕಣ್ಣಿನಲ್ಲೇ ಹೇಳುತ್ತಿದ್ದರು. ಆ ರೈತನ ಹೆಂಡತಿಯೋ ಮಗುವೋ ಆಸ್ಪತ್ರೆಯಲ್ಲಿ ಇರುತ್ತಿತ್ತು. ಇಪ್ಪತ್ತು ವರ್ಷದ ಹುಡುಗರಿಗೆ ಇದನ್ನು ಯಾವ ತರಗತಿಯಲ್ಲಿ ಹೇಳಿಕೊಡುತ್ತಾರೆ? ನನಗೆ ಆ ಬೀದಿಯ ಮೇಲೆ ಇಷ್ಟು ಪ್ರೀತಿ ಇರುವುದು ಬಿಯರಿನಿಂದ ಅಲ್ಲ, ಈ ಕಾರಣಕ್ಕೆ.

ಇಲ್ಲಿ ಲೈಸೆನ್ಸಿನ ವಿಷಯ ಸ್ವಲ್ಪ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಕರ್ನಾಟಕದಲ್ಲಿ ಸೀಲು ಮಾಡಿದ ಬಾಟಲಿ ಮಾರುವ ವೈನ್ ಶಾಪ್‌ಗೆ ಸಿಎಲ್-2 ಸನ್ನದು. ಕೂರಿಸಿ, ಊಟದ ಜೊತೆ ಕೊಡುವ ಬಾರ್ ಆ್ಯಂಡ್ ರೆಸ್ಟೋರೆಂಟ್‌ಗೆ ಸಿಎಲ್-9. ರೂಮು ಬಾಡಿಗೆಗೆ ಕೊಡುವ ಲಾಡ್ಜಿಗೆ ಸಿಎಲ್-7. ಇದರಲ್ಲಿ ಸಿಎಲ್-2 ಮತ್ತು ಸಿಎಲ್-9ಗಳನ್ನು ಹೊಸದಾಗಿ ಕೊಡುವುದನ್ನು ಸರ್ಕಾರ 1990ರ ದಶಕದ ಆರಂಭದಲ್ಲಿ ನಿಲ್ಲಿಸಿತು. ಆಮೇಲೆ ಬೇಕೆಂದರೆ ಹಳೆಯದನ್ನೇ ಕೊಂಡುಕೊಳ್ಳಬೇಕಿತ್ತು ಅಥವಾ ಬೇರೆ ಜಾಗಕ್ಕೆ ವರ್ಗ ಮಾಡಿಸಿಕೊಳ್ಳಬೇಕಿತ್ತು. ಸಿಎಲ್-9ರ ಬೆಲೆ ಕಟ್ಟಡದ ಬೆಲೆಯನ್ನೂ ಮೀರುವಂತಾದದ್ದು ಹೀಗೆ. ಹಾಗಾಗಿಯೇ ಹಳೆಯ ಬಾರುಗಳು ಮಾಲೀಕರು ಬದಲಾದರೂ ದಶಕಗಳ ಕಾಲ ಅದೇ ಜಾಗದಲ್ಲಿ ಉಳಿದವು. ಊರಿಗೆ ಅದೊಂದು ಗುರುತಾಯಿತು. ಆದರೆ ಅಂಥ ಲೈಸೆನ್ಸು ಒಮ್ಮೆ ಊರು ಬಿಟ್ಟು ಹೋದರೆ ಅದರ ಜಾಗಕ್ಕೆ ಇನ್ನೊಂದು ಹುಟ್ಟುತ್ತಿರಲಿಲ್ಲ.

ವಯಸ್ಸಿನ ಗೊಂದಲ ಬೇರೆ ಇತ್ತು. 1965ರ ಅಬಕಾರಿ ಕಾಯ್ದೆ 18ರ ಮಾತು ಆಡುತ್ತದೆ, 1967ರ ನಿಯಮಗಳು 21 ಅನ್ನುತ್ತವೆ. ಪಾಲಿಸಬೇಕಾದದ್ದು 21. 2023ರಲ್ಲಿ ಇದನ್ನು 18ಕ್ಕೆ ಇಳಿಸುವ ಕರಡು ಬಂತು, ವಿರೋಧ ಬಂದ ಮೇಲೆ ಸರ್ಕಾರ ಹಿಂದೆ ಸರಿಯಿತು. ಕಾಲೇಜು ಊರಿಗೆ ಈ ಮೂರು ವರ್ಷದ ವ್ಯತ್ಯಾಸ ಸಣ್ಣದಲ್ಲ. ಪದವಿಯ ಹುಡುಗ ಹುಡುಗಿಯರ ಮುಕ್ಕಾಲು ಪಾಲು ಆ ಮೂರು ವರ್ಷದ ಒಳಗೇ ಇರುತ್ತಾರೆ.

ಬೀದಿಯ ರುಚಿ ಬದಲಿಸಿದ ಇನ್ನೆರಡು ಸಂಗತಿ ಇವೆ. 1986ರಲ್ಲಿ ವೆಲ್‌ಕಮ್‌ಗ್ರೂಪ್ ಜೊತೆ ಸೇರಿ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜು ಶುರುವಾಯಿತು. ಊರಿನಲ್ಲಿ ಅಡುಗೆ ಕಲಿಯುವ ಮಕ್ಕಳು ತಿರುಗಾಡತೊಡಗಿದರು. 1997ರಲ್ಲಿ ಮಲೇಷ್ಯಾದ ಜೊತೆಗಿನ ಮೆಲಾಕಾ ಮಣಿಪಾಲ್ ಮೆಡಿಕಲ್ ಕಾಲೇಜು ಬಂತು. ಅಷ್ಟು ಹೊತ್ತಿಗೆ ನೂಡಲ್ಸ್ ಮಾಡುವ ಬಾಣಲೆ ಪ್ರತಿ ಅಡುಗೆಮನೆಗೂ ಬಂದಿತ್ತು.

ಹುಡುಗಿಯರ ಕಥೆ ಬೇರೆಯೇ. ನಮ್ಮ ಕ್ಲಾಸಿನ ಗೆಳತಿಯರು ಬಂದರೆ ಪರದೆಯ ಹಿಂದಿನ ಫ್ಯಾಮಿಲಿ ರೂಮಿನಲ್ಲೇ ಕೂರಬೇಕಿತ್ತು. ಹಾಸ್ಟೆಲ್ ಗೇಟು ಮುಚ್ಚುವ ಮೊದಲು ಓಡಬೇಕಿತ್ತು. ಅವರ ನೆನಪಿನಲ್ಲಿ ಈ ಬೀದಿ ನಮ್ಮದಷ್ಟು ಉದಾರವಾಗಿಲ್ಲ. ಅದನ್ನು ಅವರು ಈಗಲೂ ಹೇಳುತ್ತಾರೆ, ಸರಿಯಾಗೇ ಹೇಳುತ್ತಾರೆ. 2000ದ ನಂತರ ಆ ಪರದೆ ಮೆಲ್ಲಗೆ ಸರಿಯುತ್ತಿತ್ತು. ಮಾಳಿಗೆಯ ಮೇಲೆ ಬೆಳಕಿನ ರೆಸ್ಟೋರೆಂಟುಗಳು ಬಂದವು, ಹುಡುಗಿಯರು ಗುಂಪಾಗಿ ಬಂದು ಎಲ್ಲರ ನಡುವೆ ಕೂತರು. ಅಷ್ಟರಲ್ಲಿ 2009ರ ಜನವರಿ 24ರಂದು ಮಂಗಳೂರಿನ ಒಂದು ಪಬ್ಬಿಗೆ ಗುಂಪೊಂದು ನುಗ್ಗಿ ಯುವತಿಯರನ್ನು ಹೊಡೆಯಿತು. ಅರವತ್ತು ಕಿಲೋಮೀಟರ್ ದೂರದ ಆ ಏಟು ಮಣಿಪಾಲಕ್ಕೂ ಬಿತ್ತು. ಮನೆಗಳಿಂದ ಫೋನು ಬಂದವು. 2013ರ ಜೂನ್‌ನಲ್ಲಿ ಮಣಿಪಾಲದಲ್ಲೇ ವೈದ್ಯಕೀಯ ವಿದ್ಯಾರ್ಥಿನಿಯೊಬ್ಬರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಊರು ಬೆಚ್ಚಿಬಿದ್ದಿತು, ವಿದ್ಯಾರ್ಥಿಗಳು ಬೀದಿಗಿಳಿದರು. ಆಮೇಲೆ ಪೊಲೀಸರ ಗಸ್ತು ಜಾಸ್ತಿ ಆಯಿತು, ರಾತ್ರಿಯ ಗಡಿಯಾರ ಬಿಗಿಯಾಯಿತು. ಅದು ಬೇಕಾಗಿತ್ತು ಅಂತಲೇ ನಾನು ನಂಬುತ್ತೇನೆ. ಆದರೆ ತಡರಾತ್ರಿ ಡ್ಯೂಟಿ ಮುಗಿಸಿ ಬರುವ ಹೌಸ್‌ಸರ್ಜನ್‌ಗೆ, ಪ್ರೆಸ್ಸಿನ ಕೆಲಸಗಾರನಿಗೆ ತೆರೆದಿದ್ದ ಊರು ಅದರೊಂದಿಗೆ ಬೇಗ ಮಲಗಲು ಕಲಿಯಿತು.

ಇಷ್ಟಾದರೂ ಬಾರುಗಳ ಸಾಲು ನಿಂತೇ ಇತ್ತು. ಅದನ್ನು ಅಲುಗಾಡಿಸಿದ್ದು ರಸ್ತೆ.

ಟೈಗರ್ ಸರ್ಕಲ್ ಮೂಲಕ ಹೋಗುವುದು ಮಲ್ಪೆ, ಉಡುಪಿಯಿಂದ ಆಗುಂಬೆ ಹತ್ತಿ ತೀರ್ಥಹಳ್ಳಿಗೆ ಹೋಗುವ ದಾರಿ. ಮೊದಲು ರಾಜ್ಯ ಹೆದ್ದಾರಿ. 2010ರ ದಶಕದಲ್ಲಿ ಅದು ರಾಷ್ಟ್ರೀಯ ಹೆದ್ದಾರಿ 169ಎ ಆಯಿತು. ಹೆಸರು ಬದಲಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳ ಅಂಚಿನಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು. ಕುಡಿದು ಗಾಡಿ ಓಡಿಸಿ ಆಗುವ ಸಾವುಗಳನ್ನು ತಡೆಯುವುದು ಅದರ ಉದ್ದೇಶ. 2017ರ ಮಾರ್ಚ್ 31ರಂದು ಕೋರ್ಟು ಬಾರುಗಳಿಗೂ ಇದು ಅನ್ವಯ ಅಂತ ಹೇಳಿತು. 20,000ಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಮಾತ್ರ ದೂರವನ್ನು 220 ಮೀಟರಿಗೆ ಇಳಿಸಿತು.

ಮಣಿಪಾಲದ ನಕ್ಷೆ ಕಣ್ಣ ಮುಂದೆ ತಂದುಕೊಳ್ಳಿ. ಆ ರಸ್ತೆಯಿಂದ ಎರಡೂ ಕಡೆ ಅರ್ಧ ಕಿಲೋಮೀಟರ್ ಅಳೆದರೆ ಇಡೀ ಪೇಟೆ ಅದರೊಳಗೆ ಬರುತ್ತದೆ. ಇಲ್ಲಿ ಯಾರೂ ಲಾರಿ ನಿಲ್ಲಿಸಿ ಕುಡಿಯುತ್ತಿರಲಿಲ್ಲ. ಬಹುತೇಕ ಎಲ್ಲರೂ ಹಾಸ್ಟೆಲಿಗೆ, ರೂಮಿಗೆ, ವಾರ್ಡಿಗೆ ನಡೆದೇ ಹೋಗುವವರು. ಅಳತೆಯ ಟೇಪಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ನಮ್ಮ ರಾಜ್ಯದಲ್ಲಿ ಅಬಕಾರಿ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಹಾಗಾಗಿ 2017ರ ಜುಲೈ 1ರಂದು ರಾಜ್ಯದ ಹೆದ್ದಾರಿ ಬದಿಯ ಬಾರುಗಳಿಗೆ ಬೀಗ ಬಿತ್ತು. ಅಡುಗೆಯವರು, ಸಪ್ಲೈಯರುಗಳು, ಕ್ಲೀನರ್ ಹುಡುಗರು ಒಂದೇ ಸಲ ಕೆಲಸ ಕಳೆದುಕೊಂಡರು. ಜುಲೈ 11ರಂದು, ಚಂಡೀಗಢದ ಪ್ರಕರಣದಲ್ಲಿ, ನಗರಸಭೆ ವ್ಯಾಪ್ತಿಯ ಒಳಗಿನ ಲೈಸೆನ್ಸುಗಳಿಗೆ ಈ ತಡೆ ಇಲ್ಲ ಅಂತ ಕೋರ್ಟು ಸ್ಪಷ್ಟಪಡಿಸಿತು. ಮಣಿಪಾಲ ಉಡುಪಿ ನಗರಸಭೆಯ ಒಳಗೇ ಇದೆ. ಆದರೆ ಬಾರಿಗೆ ಬೀಗ ಬಿದ್ದ ಮೇಲೆ ಬಾಡಿಗೆ ನಿಲ್ಲುವುದಿಲ್ಲ, ಊರಿಗೆ ಹೋದ ಅಡುಗೆಯವರು ಕಾಯುತ್ತ ಕೂರುವುದಿಲ್ಲ. ಲೈಸೆನ್ಸು ಇದ್ದವನಿಗೆ ಅದನ್ನು ಮಾರಿದರೇ ಲಾಭ ಅನಿಸಿದರೆ ತಪ್ಪು ಹೇಳಲು ನನಗೆ ಬಾಯಿ ಬರುವುದಿಲ್ಲ.

ಅದಾದ ಸ್ವಲ್ಪ ಸಮಯಕ್ಕೆ ಚತುಷ್ಪಥದ ಕೆಲಸ ಶುರುವಾಯಿತು. ಜೆಸಿಬಿ ಬಂತು. ಎಷ್ಟೋ ಅಂಗಡಿಗಳು ಮುಂದಿನ ಜಗುಲಿ, ಮೆಟ್ಟಿಲು ಕಳೆದುಕೊಂಡವು. ಮಳೆಗಾಲದಲ್ಲಿ ಕೆಂಪು ಕೆಸರು, ಬೇಸಿಗೆಯಲ್ಲಿ ಕೆಂಪು ಧೂಳು. ಮೊದಲು ಒಂದು ಹೋಟೆಲಿನಿಂದ ಎದುರಿನ ಐಸ್‌ಕ್ರೀಂ ಅಂಗಡಿಗೆ ಹತ್ತು ಹೆಜ್ಜೆ. ಉಂಡು ಎದ್ದವರು ಗಡ್‌ಬಡ್ ತಿನ್ನಲು ಸುಮ್ನೆ ದಾಟಿಬಿಡುತ್ತಿದ್ದರು. ಈಗ ದಾಟಬೇಕೆಂದರೆ ಯೋಚನೆ ಮಾಡಬೇಕು. ಬೀದಿ ಅನ್ನಿಸಿಕೊಳ್ಳಲು ಎರಡೂ ಬದಿ ಒಂದಕ್ಕೊಂದು ಮಾತಾಡಬೇಕಲ್ಲ, ಅದು ನಿಂತುಹೋಯಿತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಹಾಸ್ಟೆಲುಗಳು ಖಾಲಿಯಾದವು. ವಿದ್ಯಾರ್ಥಿಗಳೇ ಇಲ್ಲದ ಮಣಿಪಾಲವನ್ನು ಅಲ್ಲಿನವರು ಮೊದಲ ಸಲ ನೋಡಿದರು. ಬಾರಿನಲ್ಲಿ ಕೂತು ಕುಡಿಯಲು ಮತ್ತೆ ಅನುಮತಿ ಸಿಕ್ಕಿದ್ದು ಸೆಪ್ಟೆಂಬರ್ 1ಕ್ಕೆ. ಅದೇ ವರ್ಷ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋಗಿತ್ತು. ಮುಖ್ಯ ಕಚೇರಿಗೆ ವರ್ಗವಾಗಿ ಬಂದು ಸಂಜೆ ಒಂದು ಮೇಜು ಹಿಡಿಯುತ್ತಿದ್ದ ಅಧಿಕಾರಿಗಳ ಕಾಲವೂ ಮುಗಿಯಿತು. ಈಗಿನ ಮಕ್ಕಳಿಗೆ ಕೆಫೆ ಇದೆ, ಕ್ಯಾಂಪಸ್ ಒಳಗೇ ಫುಡ್ ಕೋರ್ಟ್ ಇದೆ, ಫೋನ್ ಒತ್ತಿದರೆ ಹಾಸ್ಟೆಲ್ ಗೇಟಿಗೇ ಪೊಟ್ಟಣ ಬರುತ್ತದೆ. ಹುಡುಗಿಯರು ಪರದೆ ಇಲ್ಲದೆ ಕೂರುತ್ತಾರೆ. ಅದು ನಮ್ಮ ಕಾಲಕ್ಕಿಂತ ಎಷ್ಟೋ ಒಳ್ಳೆಯದು. ಆದರೆ ಆ ಪೊಟ್ಟಣ ಬಿಚ್ಚುವಾಗ ಪಕ್ಕದಲ್ಲಿ ಆಸ್ಪತ್ರೆಯಿಂದ ಬಂದ ರೈತ ಇರುವುದಿಲ್ಲ.

ಕಳೆದ ವರ್ಷ ನಾವು ನಾಲ್ವರು ಹೋಗಿದ್ದೆವು. ಸಂಜೆ ಎಂಡ್ ಪಾಯಿಂಟ್‌ನಲ್ಲಿ ನಿಂತು ಸ್ವರ್ಣಾ ನದಿ ನೋಡಿದೆವು. ಕತ್ತಲಾದ ಮೇಲೆ ನಮ್ಮ ಹಳೆಯ ಜಾಗ ಹುಡುಕಿದೆವು. ಕಟ್ಟಡ ಇತ್ತು, ಮೆಟ್ಟಿಲು ಇರಲಿಲ್ಲ. ಅದು ಇದ್ದ ಕಡೆ ಗೋಡೆಯ ಮೇಲೆ ಓರೆಯಾಗಿ ಸಿಮೆಂಟಿನ ಗುರುತು ಮಾತ್ರ ಇತ್ತು. ಕೆಳಗಿನ ಔಷಧಿ ಅಂಗಡಿಯಲ್ಲಿ ಒಬ್ಬರು ಆಸ್ಪತ್ರೆಯ ಚೀಟಿ ಹಿಡಿದು ನಿಂತಿದ್ದರು. ತೀರ್ಥಹಳ್ಳಿ ಕಡೆಯ ಮಾತು. "ಇಲ್ಲಿ ಹತ್ತಿರ ಊಟ ಎಲ್ಲಿ ಸಿಗುತ್ತೆ?" ಅಂತ ನಮ್ಮನ್ನೇ ಕೇಳಿದರು. ನಾವು ನಾಲ್ವರೂ ಒಟ್ಟಿಗೆ ಮೇಲಕ್ಕೆ ನೋಡಿದೆವು. ಆಮೇಲೆ ಅವರನ್ನೂ ಕರೆದುಕೊಂಡು ಉಡುಪಿ ಕಡೆಗೆ ಹೊರಟೆವು.