ತೂಗಾಡುವ ಹಡಗು, ತೊಳಸುವ ಹೊಟ್ಟೆ

ಕ್ರೂಸ್ ಪ್ರವಾಸಕ್ಕೆ ಹೊರಟವರನ್ನು ಕಾಡುವ ಭಯ ಎರಡು. ಬಿರುಗಾಳಿಗೆ ಸಿಕ್ಕಿ ಹಡಗು ಮಗುಚಿದರೆ? ಊರೂರು ನೋಡುವ ಬದಲು ವಾಂತಿ ಮಾಡಿಕೊಂಡು ಕ್ಯಾಬಿನ್ನಿನಲ್ಲೇ ಮಲಗುವಂತಾದರೆ? ನಡುಗಡಲಲ್ಲಿ ಕಾಲ ಕೆಳಗಿನ ನೆಲ ವಾಲತೊಡಗಿದಾಗ ಇವೆರಡೂ ಕಲಸಿಹೋಗುತ್ತವೆ. ಹೊಟ್ಟೆ ತೊಳಸಿದಷ್ಟೂ ಹಡಗಿಗೇನೋ ಆಗಿದೆ ಅನ್ನಿಸುತ್ತದೆ, ಹಾಗನ್ನಿಸಿದಷ್ಟೂ ಹೊಟ್ಟೆ ಇನ್ನಷ್ಟು ತೊಳಸುತ್ತದೆ. ಈ ಎರಡನ್ನೂ ಬಿಡಿಸಿ ನೋಡಿಕೊಂಡವರಿಗೆ ಪ್ರಯಾಣ ಅರ್ಧ ಹಗುರವಾಗುತ್ತದೆ ಅನ್ನುವುದು ನನ್ನ ನಂಬಿಕೆ. ಹಡಗು ವಾಲುತ್ತದೆ, ವಾಲಲೇಬೇಕು. ವಾಲಿ ಮತ್ತೆ ನೆಟ್ಟಗಾಗುವಂತೆಯೇ ಅದನ್ನು ಕಟ್ಟಿರುತ್ತಾರೆ.

ಬಂದರಿನಲ್ಲಿ ನಿಂತು ದೊಡ್ಡ ಕ್ರೂಸ್ ಹಡಗನ್ನು ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ. ನೀರಿನ ಮೇಲೆ ಹದಿನೈದು ಅಂತಸ್ತು, ಕೆಳಗೆ ಮುಳುಗಿರುವುದು ಸುಮಾರು ಎಂಟು-ಒಂಬತ್ತು ಮೀಟರ್ ಅಷ್ಟೇ. ತಂಜಾವೂರು ಬೊಂಬೆಯ ಹಾಗೆ ಅಡಿಯಲ್ಲಿ ಭಾರ ತುಂಬಿರುವುದರಿಂದ ಇದು ನಿಲ್ಲುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಪೂರ್ತಿ ಸರಿಯಲ್ಲ. ಇಂಜಿನ್, ಇಂಧನ, ಸಿಹಿನೀರಿನ ಟ್ಯಾಂಕುಗಳೆಲ್ಲ ತಳದಲ್ಲಿರುವುದು ನಿಜ. ಆದರೂ ಇಷ್ಟೆತ್ತರದ ಹಡಗಿನ ಗುರುತ್ವ ಕೇಂದ್ರ ನೀರಿನ ಮಟ್ಟಕ್ಕಿಂತ ಮೇಲೆಯೇ ಉಳಿಯುತ್ತದೆ. ಹಡಗನ್ನು ನಿಲ್ಲಿಸುವುದು ಅದರ ಅಗಲ. ಎಡಕ್ಕೆ ವಾಲಿದಾಗ ಎಡಮಗ್ಗುಲು ನೀರಿನೊಳಗೆ ಹೆಚ್ಚು ಇಳಿಯುತ್ತದೆ, ಬಲಮಗ್ಗುಲು ಮೇಲೇಳುತ್ತದೆ. ನೀರು ಮೇಲಕ್ಕೆ ಒತ್ತುವ ಬಲವೂ ಆಗ ಎಡಕ್ಕೆ ಸರಿಯುತ್ತದೆ. ಹೊರಗಡೆಯಿಂದ ನೀರು ಎತ್ತುತ್ತದೆ, ಅದರ ಒಳಮಗ್ಗುಲಲ್ಲಿ ಭಾರ ಕೆಳಗೆಳೆಯುತ್ತದೆ. ಎರಡೂ ಸೇರಿ ಹಡಗನ್ನು ನೆಟ್ಟಗೆ ತಿರುಗಿಸುತ್ತವೆ.

ಹಾಗಿದ್ದರೆ ಇನ್ನೂ ಅಗಲ ಮಾಡಿ, ಭಾರವನ್ನು ಇನ್ನೂ ಕೆಳಗಿಟ್ಟು, ವಾಲದಂತೆಯೇ ಮಾಡಬಹುದಲ್ಲ? ಮಾಡಬಹುದು, ಆದರೆ ಆ ಹಡಗಿನಲ್ಲಿ ಯಾರೂ ಇರಲಾರರು. ನೆಟ್ಟಗಾಗುವ ಬಲ ಹೆಚ್ಚಿದಷ್ಟೂ ಹಡಗು ತಟ್ಟನೆ ಎದ್ದು, ತಟ್ಟನೆ ಇನ್ನೊಂದು ಕಡೆಗೆ ಬೀಳುತ್ತದೆ. ಜನ ನಿಂತಲ್ಲಿಂದ ಎಸೆಯಲ್ಪಡುತ್ತಾರೆ, ಕಪಾಟು ಕಿತ್ತು ಬರುತ್ತದೆ. ಅದಕ್ಕೇ ವಿನ್ಯಾಸಕಾರರು ಸುರಕ್ಷತೆಗೆ ಬೇಕಾದಷ್ಟು ಬಲವನ್ನು ಇಟ್ಟುಕೊಂಡು, ಅದರಾಚೆಗೆ ನಿಧಾನವನ್ನು ಆರಿಸುತ್ತಾರೆ. ದೊಡ್ಡ ಕ್ರೂಸ್ ಹಡಗು ಒಮ್ಮೆ ಎಡಕ್ಕೆ ವಾಲಿ, ಬಲಕ್ಕೆ ಹೋಗಿ, ಮತ್ತೆ ಎಡಕ್ಕೆ ಬರಲು ಸಾಮಾನ್ಯವಾಗಿ 15 ಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಒಂದು ಮಗ್ಗುಲಿಗೆ ಹೋಗಿ ಅಲ್ಲೇ ನಿಂತಂತೆ ಕಾಣುವ ಆ ಗಳಿಗೆಯಲ್ಲಿ ಮೊದಲ ಸಲ ಹತ್ತಿದವರ ಎದೆ ಝಲ್ಲೆನ್ನುವುದು ಸಹಜ. ಅದು ಹಡಗನ್ನು ನಿಧಾನವಾಗಿ ವಾಲುವಂತೆಯೇ ಕಟ್ಟಿರುವುದರ ಲಕ್ಷಣ.

ಇದರ ಜೊತೆಗೆ ನೀರಿನ ಕೆಳಗೆ ಎರಡೂ ಮಗ್ಗುಲಿಗೆ ರೆಕ್ಕೆಗಳಿರುತ್ತವೆ. ಬಂದರಿನಲ್ಲಿ ಒಳಗೆ ಮಡಚಿಕೊಂಡಿದ್ದು, ಕಡಲಿಗೆ ಇಳಿದ ಮೇಲೆ ಹೊರಚಾಚುವ ಈ ಸ್ಟೆಬಿಲೈಸರ್‌ಗಳು ವಿಮಾನದ ರೆಕ್ಕೆಯ ತತ್ವದಲ್ಲೇ ಕೆಲಸ ಮಾಡುತ್ತವೆ. ಹಡಗು ಎಡಕ್ಕೆ ವಾಲುತ್ತಿದೆ ಎಂದು ಸಂವೇದಕ ಹೇಳಿದ ಕೂಡಲೇ ಎಡರೆಕ್ಕೆ ನೀರನ್ನು ಸೀಳುವ ಕೋನ ಬದಲಿಸಿ ಮೇಲಕ್ಕೆ ಎತ್ತುತ್ತದೆ, ಬಲರೆಕ್ಕೆ ಕೆಳಕ್ಕೆ ಒತ್ತುತ್ತದೆ. ಪಕ್ಕಕ್ಕೆ ವಾಲುವುದರ ಬಹುಪಾಲನ್ನು ಇವು ನುಂಗಿಬಿಡುತ್ತವೆ. ಆದರೆ ರೆಕ್ಕೆಗೆ ಬಲ ಬರಬೇಕಾದರೆ ಹಡಗು ವೇಗವಾಗಿ ಓಡುತ್ತಿರಬೇಕು. ದೊಡ್ಡ ಅಲೆಗಳೆದುರು ಕ್ಯಾಪ್ಟನ್ ವೇಗ ತಗ್ಗಿಸಿದರೆ ರೆಕ್ಕೆಯ ಹಿಡಿತವೂ ತಗ್ಗುತ್ತದೆ. ಇನ್ನು ಮೂತಿ ಏಳುತ್ತ ಬೀಳುತ್ತ ಸಾಗುವುದನ್ನಾಗಲಿ, ಇಡೀ ಹಡಗು ಅಲೆಯ ಮೇಲೆ ಏರಿ ಇಳಿಯುವುದನ್ನಾಗಲಿ ಇವು ತಡೆಯಲಾರವು. ನಮ್ಮ ಹೊಟ್ಟೆಯ ಕಷ್ಟ ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ.

ಪ್ರಯೋಗಾಲಯದಲ್ಲಿ ಜನರನ್ನು ಕೋಣೆಯಲ್ಲಿ ಕೂರಿಸಿ ಬೇರೆ ಬೇರೆ ಲಯದಲ್ಲಿ ಮೇಲೆ-ಕೆಳಗೆ ತೂಗಿ ನೋಡಿದ್ದಾರೆ. ಬೇಗ ಬೇಗ ಕುಲುಕಿದರೆ ಅಷ್ಟು ತೊಂದರೆಯಿಲ್ಲ, ತೀರಾ ನಿಧಾನವಾದರೂ ಇಲ್ಲ. ಐದಾರು ಸೆಕೆಂಡಿಗೆ ಒಮ್ಮೆ ಏರಿಳಿದಾಗ ಅತಿ ಹೆಚ್ಚು ಮಂದಿ ವಾಂತಿ ಮಾಡಿಕೊಂಡರು. ಕುದುರೆ ಸವಾರಿಯಲ್ಲಿ ಯಾರಿಗೂ ಓಕರಿಕೆ ಬರದೆ ದೋಣಿಯಲ್ಲಿ ಬರುವುದಕ್ಕೆ ಇದೇ ಕಾರಣ. ಅಲೆಗಳೆದುರು ಸಾಗುವ ಹಡಗಿನ ಮೂತಿ ಏರಿಳಿಯುವ ಲಯ ಬಹಳ ಸಲ ಈ ಐದಾರು ಸೆಕೆಂಡಿನ ಆಸುಪಾಸಿಗೇ ಬಂದು ಬೀಳುತ್ತದೆ.

ಈ ಲಯವನ್ನು ಅಳೆಯುವ ಅಂಗ ಕಿವಿಯ ಒಳಗಿದೆ. ಕೇಳುವ ಶಂಖದ ಪಕ್ಕದಲ್ಲೇ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿವೆ. ತಲೆ ತಿರುಗಿದರೆ ದ್ರವ ಹಿಂದುಳಿದು, ತಿರುವಿನ ಸುದ್ದಿ ಮಿದುಳಿಗೆ ಹೋಗುತ್ತದೆ. ಅವುಗಳ ಬುಡದಲ್ಲಿ ಎರಡು ಪುಟ್ಟ ಚೀಲಗಳಿವೆ. ಅದರಲ್ಲಿ ಅಂಟಿನಂಥ ಪದರ, ಪದರದ ಮೇಲೆ ಹರಳುಗಳು. ಸುಣ್ಣದ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್‌ನದೇ ಕಣಗಳು ಇವು, ಬರಿಗಣ್ಣಿಗೆ ಧೂಳು. ಇವುಗಳ ಭಾರಕ್ಕೆ ಪದರ ಜಾರಿದರೆ ಅಡಿಯಲ್ಲಿರುವ ಕೂದಲಿನಂಥ ಜೀವಕೋಶಗಳು ಬಾಗುತ್ತವೆ. ಲಿಫ್ಟ್ ಮೇಲಕ್ಕೆ ಹೊರಟಿತು, ಹಡಗು ಅಲೆಯಿಂದ ಕೆಳಗಿಳಿಯಿತು ಎಂದು ಕಣ್ಣು ಮುಚ್ಚಿದ್ದರೂ ನಮಗೆ ಗೊತ್ತಾಗುವುದು ಈ ಸುಣ್ಣದ ಕಣಗಳಿಂದ.

ಈಗ ಕಿಟಕಿಯಿಲ್ಲದ ಕ್ಯಾಬಿನ್ನಿನಲ್ಲಿ ಕೂತು ಮೊಬೈಲ್ ನೋಡುತ್ತಿದ್ದೀರಿ ಅನ್ನಿ. ಗೋಡೆ, ಮಂಚ, ಕೈಯಲ್ಲಿನ ಫೋನು ಎಲ್ಲವೂ ನಿಮ್ಮ ಜೊತೆಗೇ ಚಲಿಸುವುದರಿಂದ ಕಣ್ಣು ‘ಏನೂ ಅಲುಗುತ್ತಿಲ್ಲ’ ಅನ್ನುತ್ತದೆ. ಕಿವಿ ‘ಏರುತ್ತಿದ್ದೇವೆ, ಇಳಿಯುತ್ತಿದ್ದೇವೆ’ ಅನ್ನುತ್ತದೆ. ಹುಟ್ಟಿದಾಗಿನಿಂದ ಎರಡನ್ನೂ ತಾಳೆ ನೋಡಿ ನಡೆದ ಮಿದುಳಿಗೆ ಇವತ್ತು ಲೆಕ್ಕ ಕೂಡುವುದಿಲ್ಲ. ಕಿವಿಯ ಪಾತ್ರ ಇಲ್ಲಿ ಎಷ್ಟು ದೊಡ್ಡದು ಎಂಬುದಕ್ಕೆ ಹಳೆಯ ಸಾಕ್ಷ್ಯವೇ ಇದೆ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1882ರಲ್ಲಿ ಕಿವುಡ-ಮೂಗರ ಶಾಲೆಗಳಿಂದ ಮಾಹಿತಿ ತರಿಸಿಕೊಂಡು ನೋಡಿದಾಗ, ಅವರಲ್ಲಿ ಬಹಳ ಮಂದಿಗೆ ತಲೆಸುತ್ತೇ ಬರುವುದಿಲ್ಲ, ಕಡಲ ಕಾಯಿಲೆಯೂ ತಟ್ಟುವುದಿಲ್ಲ ಎಂದು ಕಂಡುಬಂತು. ಒಳಗಿವಿಯ ಈ ಭಾಗ ಸತ್ತಿದ್ದರೆ ಎಂಥ ಬಿರುಗಾಳಿಯಲ್ಲೂ ಓಕರಿಕೆ ಇಲ್ಲ.

ಆದರೆ ಲೆಕ್ಕ ಕೂಡದಿದ್ದರೆ ವಾಂತಿ ಯಾಕೆ? ಬ್ರಿಟನ್ನಿನ ಮನೋವಿಜ್ಞಾನಿ ಮಿಷೆಲ್ ಟ್ರೀಸ್ಮನ್ 1977ರಲ್ಲಿ ಒಂದು ಊಹೆ ಮುಂದಿಟ್ಟರು. ಹಡಗು, ಬಸ್ಸು ಇಲ್ಲದ ಕಾಲದಲ್ಲಿ ಕಣ್ಣು-ಕಿವಿ ಜಗಳವಾಡುವ ಸಂದರ್ಭ ಒಂದೇ: ವಿಷದ ಕಾಯಿಯನ್ನೋ ಬೇರನ್ನೋ ತಿಂದು ನರ ಕೆಟ್ಟಾಗ. ತಿಂದದ್ದನ್ನು ಹೊರಹಾಕಿದವನು ಬದುಕಿದ. ಆ ಹಳೆಯ ಎಚ್ಚರಿಕೆಯ ಗಂಟೆ ಅಲೆಗಳ ನಡುವೆ ಸುಮ್ಮನೆ ಬಾರಿಸುತ್ತದೆ ಎಂಬುದು ಅವರ ವಾದ. ಇದನ್ನು ಸಾಬೀತು ಮಾಡುವುದು ಕಷ್ಟ, ಒಪ್ಪದವರೂ ಇದ್ದಾರೆ. ಆದರೂ ನನಗೆ ಇದು ಸಮಾಧಾನ ಕೊಡುವ ವಿವರಣೆ. ವಾಂತಿ ಮಾಡಿಕೊಳ್ಳುವವರು ಅಂಜುಬುರುಕರೂ ಅಲ್ಲ, ರೋಗಿಗಳೂ ಅಲ್ಲ. ಬೀಗಲ್ ಹಡಗಿನಲ್ಲಿ 1831ರಿಂದ 1836ರವರೆಗೆ ಲೋಕ ಸುತ್ತಿದ ಚಾರ್ಲ್ಸ್ ಡಾರ್ವಿನ್ನನಿಗೆ ಕೊನೆಯವರೆಗೂ ಕಡಲು ಒಗ್ಗಲಿಲ್ಲ. ತನ್ನ ಹೊಟ್ಟೆ ತಡೆದುಕೊಳ್ಳುವುದು ಬಿಸ್ಕತ್ತು ಮತ್ತು ಒಣದ್ರಾಕ್ಷಿ ಮಾತ್ರ ಎಂದು ಅವನು ಅಪ್ಪನಿಗೆ ಬರೆದಿದ್ದ.

ಕಾರಣ ಗೊತ್ತಾದರೆ ಮಾಡಬೇಕಾದ್ದೂ ಗೊತ್ತಾಗುತ್ತದೆ. ಕಣ್ಣು-ಕಿವಿಗೆ ರಾಜಿ ಮಾಡಿಸಬೇಕು. ಡೆಕ್ಕಿಗೆ ಹೋಗಿ, ಕಡಲು ಬಾನು ಕೂಡುವ ಗೆರೆಯನ್ನು ನೋಡುತ್ತ ನಿಂತರೆ ಕಿವಿ ಹೇಳಿದ ಚಲನೆಯನ್ನೇ ಕಣ್ಣೂ ಕಾಣುತ್ತದೆ. ಡೆಕ್ ಮುಚ್ಚಿದ್ದರೆ ಕಣ್ಣು ಮುಚ್ಚಿ ಅಂಗಾತ ಮಲಗುವುದು ಒಳ್ಳೆಯದು, ತಲೆ ಅಲ್ಲಾಡದಂತೆ ದಿಂಬು ಒತ್ತಿಕೊಂಡು. ಓದುವುದು, ಫೋನು ನೋಡುವುದು ಬೇಡವೇ ಬೇಡ. ಹಡಗು ನಡುಭಾಗದಲ್ಲಿ ಕಡಿಮೆ ಏರಿಳಿಯುತ್ತದೆ, ಮೂತಿಯಲ್ಲೂ ಹಿಂತುದಿಯಲ್ಲೂ ಹೆಚ್ಚು. ಆದ್ದರಿಂದ ಬುಕ್ ಮಾಡುವಾಗಲೇ ನಡುವಿನ, ಕೆಳ ಅಂತಸ್ತಿನ ಕ್ಯಾಬಿನ್ ಆರಿಸಿಕೊಳ್ಳಿ. ಮೇಲಂತಸ್ತಿನ ಬಾಲ್ಕನಿಗೆ ಹೆಚ್ಚು ದುಡ್ಡು ಕೊಟ್ಟವರೇ ಹೆಚ್ಚು ತೂಗಾಡುತ್ತಾರೆ. ಹೊಟ್ಟೆ ಪೂರ್ತಿ ಖಾಲಿ ಇರುವುದೂ ಒಳ್ಳೆಯದಲ್ಲ, ಬಫೆಯಲ್ಲಿ ಕರಿದದ್ದನ್ನೆಲ್ಲ ಹಾಕಿಕೊಳ್ಳುವುದೂ ಬೇಡ. ಎರಡು-ಮೂರು ದಿನದಲ್ಲಿ ಬಹುತೇಕರ ಮಿದುಳು ಹೊಸ ಲೆಕ್ಕಕ್ಕೆ ಹೊಂದಿಕೊಳ್ಳುತ್ತದೆ. ಮೈಗ್ರೇನ್ ಇರುವವರಿಗೆ, ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಕಷ್ಟ ಹೆಚ್ಚು. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ತಟ್ಟುವುದೇ ಅಪರೂಪ.

ಔಷಧದ ವಿಷಯದಲ್ಲಿ ನಮ್ಮವರು ಎಡವುವ ಜಾಗ ಒಂದಿದೆ. ಮನೆಯಲ್ಲಿ ವಾಂತಿಗೆಂದು ಇಟ್ಟುಕೊಳ್ಳುವ ಒಂಡಾನ್‌ಸೆಟ್ರಾನ್ ಮಾತ್ರೆಯನ್ನೇ ಕಟ್ಟಿಕೊಂಡು ಹೋಗುತ್ತಾರೆ. ಹೊಟ್ಟೆ ಕೆಟ್ಟಾಗ, ಕ್ಯಾನ್ಸರ್ ಚಿಕಿತ್ಸೆಯ ಹೊತ್ತಿನಲ್ಲಿ ಅದು ಒಳ್ಳೆಯ ಔಷಧ. ಆದರೆ ಒಳಗಿವಿಯಿಂದ ಹುಟ್ಟುವ ಓಕರಿಕೆಗೆ ಅದು ನಾಟುವುದಿಲ್ಲ. ನೆಗಡಿ-ಅಲರ್ಜಿಗೆ ನುಂಗುವ ಸೆಟ್ರಿಜಿನ್ ಕೂಡ ಅಷ್ಟೆ. ಮಿದುಳಿನೊಳಗೆ ಇಳಿದು ನಿದ್ದೆ ತರಿಸುವ ಹಳೆಯ ಆಂಟಿಹಿಸ್ಟಮಿನ್‌ಗಳೇ ಇಲ್ಲಿ ಬೇಕು: ಪ್ರೊಮೆಥಜೈನ್, ಮೆಕ್ಲಿಜೈನ್, ಡೈಮೆನ್‌ಹೈಡ್ರಿನೇಟ್. ಈ ಕೊನೆಯದರ ಗುಣ ಗೊತ್ತಾದದ್ದೇ ಆಕಸ್ಮಿಕ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಚರ್ಮದ ಪಿತ್ತಗಂಧೆಗೆ ಇದನ್ನು ತೆಗೆದುಕೊಂಡ ಮಹಿಳೆಯೊಬ್ಬರು, ಟ್ರಾಮಿನಲ್ಲಿ ತನಗೆ ಯಾವಾಗಲೂ ಆಗುತ್ತಿದ್ದ ಸಂಕಟ ಮಾಯವಾಗಿದೆ ಎಂದು ವೈದ್ಯರಿಗೆ ಹೇಳಿದರು. ವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಂಡರು. 1947ರಲ್ಲಿ ನ್ಯೂಯಾರ್ಕಿನಿಂದ ಜರ್ಮನಿಗೆ ಹೊರಟ ಸೈನಿಕರ ಹಡಗಿನಲ್ಲಿ ಪರೀಕ್ಷಿಸಿದಾಗ ಅದು ಕೆಲಸ ಮಾಡಿತು. ರೋಗಿಯ ಒಂದು ಮಾತನ್ನು ಕಿವಿಗೊಟ್ಟು ಕೇಳಿದ್ದರಿಂದ ಎಷ್ಟು ಜನರ ಪ್ರಯಾಣ ಸುಗಮವಾಯಿತು!

ಎಲ್ಲಕ್ಕಿಂತ ಬಲವಾದದ್ದು ಸ್ಕೋಪೊಲಮಿನ್. ನಮ್ಮ ಬೇಲಿಸಾಲಿನಲ್ಲಿ, ತಿಪ್ಪೆಯ ಬದಿಯಲ್ಲಿ ಬೆಳೆಯುವ ದತ್ತೂರದಲ್ಲಿ ಇರುವ ವಿಷವಸ್ತುಗಳಲ್ಲೊಂದು ಇದು. ದತ್ತೂರ ತಿಂದವರಿಗೆ ಬಾಯಿ ಒಣಗಿ, ಕಣ್ಣು ಮಂಜಾಗಿ, ಬುದ್ಧಿ ಕೆಡುತ್ತದೆ. ಅದೇ ವಸ್ತುವನ್ನು ಮಿಲಿಗ್ರಾಂ ಲೆಕ್ಕದಲ್ಲಿ ತುಂಬಿದ ಪುಟ್ಟ ಪಟ್ಟಿಯನ್ನು ಕಿವಿಯ ಹಿಂದೆ ಅಂಟಿಸಿಕೊಂಡರೆ, ಚರ್ಮದ ಮೂಲಕ ಮೂರು ದಿನ ನಿಧಾನವಾಗಿ ಇಳಿದು, ಒಳಗಿವಿಯ ಗಲಾಟೆ ವಾಂತಿಯ ಕೇಂದ್ರಕ್ಕೆ ಮುಟ್ಟದಂತೆ ತಡೆಯುತ್ತದೆ. ಬಾಯಿ ಒಣಗುವುದು, ಕಣ್ಣು ಮಂಜಾಗುವುದು ಇಲ್ಲಿಯೂ ಸ್ವಲ್ಪ ಇದ್ದೇ ಇರುತ್ತದೆ. ಗ್ಲಾಕೋಮ ಇರುವವರು, ಪ್ರಾಸ್ಟೇಟ್ ತೊಂದರೆಯ ಹಿರಿಯರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಗಿಡವನ್ನಂತೂ ಯಾರೂ ಮದ್ದೆಂದು ಬಾಯಿಗಿಡಬಾರದು. ಯಾವ ಮಾತ್ರೆಯಾದರೂ, ಪಟ್ಟಿಯಾದರೂ, ಹಡಗು ತೂಗಾಡುವ ಮೊದಲೇ ಬೇಕು. ವಾಂತಿ ಶುರುವಾದ ಮೇಲೆ ಹೊಟ್ಟೆ ಕೆಲಸ ನಿಲ್ಲಿಸಿರುತ್ತದೆ, ನುಂಗಿದ್ದು ರಕ್ತಕ್ಕೆ ಸೇರುವುದಿಲ್ಲ. ಶುಂಠಿಯಿಂದ ಕೆಲವರಿಗೆ ಹಿತವಾಗುತ್ತದೆ, ಅಧ್ಯಯನಗಳ ಫಲಿತಾಂಶ ಮಾತ್ರ ಒಂದೇ ರೀತಿ ಇಲ್ಲ.

ಹೊಟ್ಟೆಯ ಮಾತು ಇಷ್ಟಾಯಿತು. ಹಡಗಿನ ಅಪಾಯದ ಕಡೆಗೆ ಬಂದರೆ, ಕ್ಯಾಪ್ಟನ್ನರ ಮೊದಲ ಉಪಾಯ ಬಿರುಗಾಳಿಯ ಹತ್ತಿರ ಹೋಗದಿರುವುದು. ಉಷ್ಣವಲಯದ ಚಂಡಮಾರುತ ಸಾಮಾನ್ಯವಾಗಿ ಗಂಟೆಗೆ 15-25 ಕಿ.ಮೀ. ವೇಗದಲ್ಲಿ ಜರುಗುತ್ತದೆ, ಕ್ರೂಸ್ ಹಡಗು 35 ಕಿ.ಮೀ. ದಾಟಬಲ್ಲದು. ಸುಳಿಯ ಜಾಡು ಮುಂಚೆಯೇ ಗೊತ್ತಿದ್ದರೆ ಸುತ್ತುಬಳಸಿ ಹೋಗಬಹುದು. ಅದಕ್ಕಾಗಿ ಒಂದೆರಡು ಬಂದರುಗಳನ್ನು ಬಿಟ್ಟಾಗ ಪ್ರಯಾಣಿಕರು ಸಿಟ್ಟಾಗುತ್ತಾರೆ, ದುಡ್ಡು ವಾಪಸ್ ಕೇಳುತ್ತಾರೆ. ಆ ಸಿಟ್ಟು ಸರಿಯಲ್ಲ. ಬಂದರು ಬಿಟ್ಟ ಕ್ಯಾಪ್ಟನ್ ತನ್ನ ಕೆಲಸ ಚೆನ್ನಾಗಿ ಮಾಡಿದ್ದಾನೆ. ಗಾಳಿಯೇ ಇಲ್ಲದ ದಿನವೂ ಹಡಗು ತೂಗಾಡಿದರೆ ಬೆದರಬೇಕಿಲ್ಲ. ನೂರಾರು ಕಿ.ಮೀ. ಆಚೆ ಎದ್ದ ಬಿರುಗಾಳಿಯ ನೀಳ ಅಲೆಗಳು ಹಾಗೆ ಬರುತ್ತವೆ. ಮುನ್ಸೂಚನೆಯಲ್ಲಿ ‘4 ಮೀಟರ್ ಅಲೆ’ ಎಂದಿದ್ದರೆ ಅದು ಅಲೆಗಳಲ್ಲಿ ಎತ್ತರದ ಮೂರನೇ ಒಂದು ಪಾಲಿನ ಸರಾಸರಿ. ಒಂದೊಂದು ಅಲೆ ಅದರ ಎರಡರಷ್ಟೂ ಇರಬಹುದು ಎಂಬುದು ನೆನಪಿರಲಿ. 2010ರ ಮಾರ್ಚ್‌ನಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಅಂಥ ಅಲೆಗಳು ಲೂಯಿಸ್ ಮೆಜೆಸ್ಟಿ ಹಡಗಿನ ಮುಂಭಾಗದ ಕೋಣೆಯ ಗಾಜನ್ನು ಒಡೆದು ಇಬ್ಬರು ಪ್ರಯಾಣಿಕರ ಜೀವ ತೆಗೆದವು. ಹಡಗಿಗೆ ಮುಳುಗುವ ಭಯವೇ ಇರಲಿಲ್ಲ. ಬಿರುಸಿನ ಕಡಲಲ್ಲಿ ಮುಂಭಾಗದ ದೊಡ್ಡ ಕಿಟಕಿಗಳ ಹತ್ತಿರ ನಿಂತು ಫೋಟೊ ತೆಗೆಯಬೇಡಿ ಎಂದು ಸಿಬ್ಬಂದಿ ಹೇಳಿದರೆ ಕೇಳಿ.

2019ರ ಮಾರ್ಚ್ 23ರಂದು ನಾರ್ವೆಯ ಹುಸ್ಟಾಡ್‌ವಿಕಾ ಎಂಬ ಬಂಡೆಗಳ ಕಡಲಲ್ಲಿ ವೈಕಿಂಗ್ ಸ್ಕೈ ಹಡಗಿಗೆ ಆದದ್ದು ಇನ್ನೂ ಆಳವಾದ ಪಾಠ. ಹಡಗಿನಲ್ಲಿ 1,370ಕ್ಕೂ ಹೆಚ್ಚು ಜನ. ಬಿರುಗಾಳಿ ಜೋರಾಗಿತ್ತು, ಆದರೆ ಹಡಗಿನ ಒಡಲು ಅದನ್ನು ತಡೆದುಕೊಂಡಿತ್ತು. ಕೈಕೊಟ್ಟದ್ದು ಇಂಜಿನ್ನಿನ ಆಯಿಲ್. ಓಡುತ್ತಿದ್ದ ಇಂಜಿನ್‌ಗಳ ತಳದ ತೊಟ್ಟಿಗಳಲ್ಲಿ ಆಯಿಲ್ ಇರಬೇಕಾದ್ದಕ್ಕಿಂತ ಬಹಳ ಕಡಿಮೆ ಇತ್ತು. ಶಾಂತ ನೀರಿನಲ್ಲಿ ಅಷ್ಟೇ ಸಾಕಾಗುತ್ತಿತ್ತು. ಹಡಗು ಹೊಯ್ದಾಡಿದಾಗ ಆಯಿಲ್ ಒಂದು ಮಗ್ಗುಲಿಗೆ ಸರಿದು, ಹೀರುವ ಕೊಳವೆಯ ಬಾಯಿಗೆ ಗಾಳಿ ಸಿಕ್ಕಿತು. ಒತ್ತಡ ಬಿದ್ದದ್ದನ್ನು ಕಂಡು ಇಂಜಿನ್‌ಗಳು ತಮ್ಮನ್ನು ಉಳಿಸಿಕೊಳ್ಳಲು ತಾವೇ ನಿಂತವು. ಬೆಳಕು ಹೋಯಿತು, ಹಡಗು ಬಂಡೆಗಳ ಕಡೆಗೆ ತೇಲಿತು. ಇನ್ನೊಂದು ಹಡಗಿನುದ್ದದಷ್ಟು ತೇಲಿದ್ದರೆ ಬಂಡೆಗೆ ಬಡಿಯುತ್ತಿತ್ತು. ಇಳಿಸಿದ ಲಂಗರುಗಳೂ ಹಿಡಿಯಲಿಲ್ಲ. ಅಷ್ಟರಲ್ಲಿ ಇಂಜಿನ್ ಮತ್ತೆ ಹೊತ್ತಿಕೊಂಡಿತು. ಹೆಲಿಕಾಪ್ಟರ್‌ಗಳು ರಾತ್ರಿಯಿಡೀ ಹಾರಾಡಿ 479 ಜನರನ್ನು ಒಬ್ಬೊಬ್ಬರಾಗಿ ಹಗ್ಗದಲ್ಲಿ ಮೇಲೆತ್ತಿದವು. ಉಳಿದವರೊಡನೆ ಹಡಗು ಮರುದಿನ ಮೋಲ್ಡೆ ಬಂದರು ಸೇರಿತು. ಯಾರೂ ಸಾಯಲಿಲ್ಲ.

ಅಂದು ಪ್ರಯಾಣಿಕರು ಲೈಫ್ ಜಾಕೆಟ್ ತೊಟ್ಟು ಗಂಟೆಗಟ್ಟಲೆ ಮಸ್ಟರ್ ಸ್ಟೇಷನ್ನಿನಲ್ಲಿ, ಅಂದರೆ ತುರ್ತಿನಲ್ಲಿ ಸೇರಬೇಕಾದ ಜಾಗದಲ್ಲಿ ಕಾದರು. ಮೇಜು-ಕುರ್ಚಿ ಅತ್ತಿಂದಿತ್ತ ಜಾರಿ ಬಡಿದು, ಬಾಗಿಲು ಮುರಿದು ನೀರು ನುಗ್ಗಿ ಕೆಲವರಿಗೆ ಗಾಯವಾಯಿತು. ಬಿರುಸಿನ ಕಡಲಿನ ಸಾಮಾನ್ಯ ಅಪಾಯಗಳೇ ಇವು: ಜಾರಿ ಬೀಳುವುದು, ಭಾರದ ಬಾಗಿಲಿಗೆ ಬೆರಳು ಸಿಕ್ಕುವುದು, ಬಿಚ್ಚಿಬಿಟ್ಟ ಸಾಮಾನು ತಲೆಗೆ ಬೀಳುವುದು. ನಡೆಯುವಾಗ ಒಂದು ಕೈ ಸದಾ ಕಂಬಿಯ ಮೇಲಿರಲಿ. ಬಾಗಿಲ ಚೌಕಟ್ಟನ್ನು ಹಿಡಿಯಬೇಡಿ. ಸ್ನಾನ ಮುಂದಕ್ಕೆ ಹಾಕಿ, ಲೋಟ, ಬಾಟಲಿಗಳನ್ನು ನೆಲದ ಮೂಲೆಯಲ್ಲಿಡಿ.

ಕೋಸ್ಟಾ ಕಾಂಕೋರ್ಡಿಯಾ ಎಂಬ ಕ್ರೂಸ್ ಹಡಗು 2012ರಲ್ಲಿ ಇಟಲಿಯ ದಡದಲ್ಲಿ ಬಂಡೆಗೆ ಬಡಿದಾಗ, ಅದೇ ದಿನ ಹತ್ತಿದ ನೂರಾರು ಜನರಿಗೆ ಎಲ್ಲಿ ಸೇರಬೇಕೆಂದು ಇನ್ನೂ ಯಾರೂ ತೋರಿಸಿರಲಿಲ್ಲ. ತುರ್ತಿನಲ್ಲಿ ಎಲ್ಲಿ ಸೇರಬೇಕೆಂದು ಕಲಿಸುವ ತರಬೇತಿಗೆ ಆಗಿನ ನಿಯಮ, ಪ್ರಯಾಣಿಕರು ಹತ್ತಿದ ಮೇಲೆ 24 ಗಂಟೆ ಸಮಯ ಕೊಡುತ್ತಿತ್ತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಈ ತರಬೇತಿ ಆಗಲೇಬೇಕು. ಬೇಸರ ಅನ್ನಿಸಿದರೂ ಹೋಗಿ, ನಿಮ್ಮ ಕ್ಯಾಬಿನ್ನಿನಿಂದ ಆ ಜಾಗಕ್ಕೆ ಲಿಫ್ಟ್ ಬಳಸದೆ ಒಮ್ಮೆ ನಡೆದು ನೋಡಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ಕನ್ನಡಕ, ಒಂದು ಸ್ವೆಟರ್ ಹಾಕಿದ ಚಿಕ್ಕ ಚೀಲ ಮಂಚದ ಪಕ್ಕದಲ್ಲೇ ಇರಲಿ. ಗಂಟೆ ಬಾರಿಸಿದ ಮೇಲೆ ಅವನ್ನು ತರಲು ಕ್ಯಾಬಿನ್ನಿಗೆ ವಾಪಸ್ ಹೋಗುವಂತಿರುವುದಿಲ್ಲ.