ಮೂರು ನಿಮಿಷದ ಎಟ್ಯೂಡ್ ನಾಲ್ಕು ನಿಮಿಷ ದಾಟಿದ ಬಗೆ

ಪೋಲೆಂಡಿನ ಪಿಯಾನೋ ಸಂಗೀತಕಾರ ಶೋಪ್ಯಾನ್‌ನ ಓಪಸ್ 10 ಎಂಬ ಸಂಕಲನದ ಮೂರನೆಯ ಎಟ್ಯೂಡ್‌ನಲ್ಲಿ (ಅಭ್ಯಾಸಕೃತಿ) ಇರುವುದು 77 ಬಾರ್, ಅಂದರೆ ತಾಳದ 77 ಆವರ್ತ. ಒಂದೊಂದು ಬಾರ್‌ಗೆ ನಾಲ್ಕು ಕ್ವೇವರ್ (ಅರ್ಧ ಪೆಟ್ಟಿನ ಸ್ವರಾವಧಿ). ಮುದ್ರಿತ ಪ್ರತಿಯ ತಲೆಯ ಮೇಲೆ ನಿಮಿಷಕ್ಕೆ 100 ಕ್ವೇವರ್ ಎಂಬ ಮೆಟ್ರೊನೋಮ್ (ಟಿಕ್ ಟಿಕ್ ಎಂದು ವೇಗ ತೋರುವ ಯಂತ್ರ) ಅಂಕಿ ಇದೆ. ಲೆಕ್ಕ ಹಾಕಿದರೆ ಇಡೀ ಕೃತಿ ಮೂರು ನಿಮಿಷ, ಮೇಲೆ ಐದಾರು ಸೆಕೆಂಡು. ಆದರೆ ಇಂದು ಕೇಳಸಿಗುವ ಧ್ವನಿಮುದ್ರಣಗಳಲ್ಲಿ ಬಹಳಷ್ಟು ನಾಲ್ಕು ನಿಮಿಷ ದಾಟುತ್ತವೆ. ನಡುವಿನ ಭಾಗವನ್ನು ಎಲ್ಲರೂ ಓಡಿಸಿಯೇ ನುಡಿಸುವುದರಿಂದ ಈ ಹೆಚ್ಚುವರಿ ಸಮಯವೆಲ್ಲ ಸೇರಿಕೊಂಡಿರುವುದು ಮೊದಲಲ್ಲೂ ಕೊನೆಯಲ್ಲೂ ಬರುವ ಹಾಡಿನಂಥ ಭಾಗದಲ್ಲಿ. ಅಲ್ಲಿ ವೇಗ ಅರವತ್ತರ ಆಸುಪಾಸಿಗೆ, ಕೆಲವರ ಕೈಯಲ್ಲಿ ಇನ್ನೂ ಕೆಳಕ್ಕೆ ಇಳಿಯುತ್ತದೆ. ಶೋಪ್ಯಾನ್ ಬರೆದದ್ದನ್ನು ನಂಬಬೇಕೆ, ಕಿವಿಗೆ ಒಗ್ಗಿಹೋದದ್ದನ್ನು ನಂಬಬೇಕೆ ಎಂಬ ಜಗಳ ಇಲ್ಲಿಂದ ಶುರುವಾಗುತ್ತದೆ.

ಇದನ್ನು ಬರೆದಾಗ ಶೋಪ್ಯಾನ್‌ಗೆ 22 ವರ್ಷ. ಹಸ್ತಪ್ರತಿಯ ಮೇಲೆ ಪ್ಯಾರಿಸ್, 25 ಆಗಸ್ಟ್ 1832 ಎಂಬ ದಿನಾಂಕವಿದೆ. ಆತನ ತಾಯ್ನಾಡಿನ ರಾಜಧಾನಿ ವಾರ್ಸಾ ರಷ್ಯನ್ ಸೇನೆಯ ಕೈಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಮೊದಲ ಪ್ರತಿಯಲ್ಲಿ ಆತ ವೇಗಕ್ಕೆ ಬರೆದ ಪದ 'ವಿವಾಚೆ', ಅಂದರೆ ಚುರುಕಾಗಿ, ಲವಲವಿಕೆಯಿಂದ. ಆಮೇಲೆ ಅದಕ್ಕೆ 'ಮಾ ನಾನ್ ತ್ರೊಪ್ಪೊ' ಸೇರಿತು: ಚುರುಕಾಗಿ, ಆದರೆ ಅತಿಯಾಗಿ ಬೇಡ. 1833ರಲ್ಲಿ ಅಚ್ಚಾಗಿ ಬಂದಾಗ ಬಾಲ ಹಾಗೆಯೇ ಉಳಿದು ತಲೆ ಬದಲಾಗಿತ್ತು. 'ಲೆಂಟೊ ಮಾ ನಾನ್ ತ್ರೊಪ್ಪೊ', ನಿಧಾನವಾಗಿ, ಆದರೆ ಅತಿಯಾಗಿ ಬೇಡ. ಪಕ್ಕದಲ್ಲಿ 100 ಎಂಬ ಅಂಕಿ. ಒಂದೇ ಕೃತಿಗೆ ಚುರುಕು ಎಂದವನೂ ಅವನೇ, ನಿಧಾನ ಎಂದವನೂ ಅವನೇ. ಮುಂದಿನ ಎರಡು ಶತಮಾನ ವಾದಿಸುವವರಿಗೆ ಇಷ್ಟು ಸಾಕಾಯಿತು.

ಪದವನ್ನು ಏಕೆ ಬದಲಿಸಿದ ಎಂದು ಶೋಪ್ಯಾನ್ ಎಲ್ಲೂ ವಿವರಿಸಲಿಲ್ಲ. ಆದರೆ ಪದಕ್ಕೂ ಅಂಕಿಗೂ ಹೊಂದಿಕೆಯೇ ಇಲ್ಲ ಎನ್ನುವುದು ಅವಸರದ ಮಾತು. ಕೃತಿ ಇರುವುದು 2/4ರಲ್ಲಿ. ಬಾರ್‌ಗೆ ಎರಡೇ ಪೆಟ್ಟು, ಒಂದೊಂದು ಪೆಟ್ಟೂ ಒಂದು ಕ್ರಾಚೆಟ್, ಅಂದರೆ ಎರಡು ಕ್ವೇವರ್. ಕ್ವೇವರ್ 100 ಆದರೆ ಕ್ರಾಚೆಟ್ 50. ನಿಮಿಷಕ್ಕೆ 50 ಪೆಟ್ಟು ಎಂದರೆ ಯಾರ ಲೆಕ್ಕದಲ್ಲೂ ನಿಧಾನವೇ. ತೊಂದರೆ ಇರುವುದು ಎಣಿಸುವ ಬಗೆಯಲ್ಲಿ. ಬಾರ್‌ಗೆ ಎರಡರ ಬದಲು ನಾಲ್ಕು ಎಣಿಸಿ, ಆ ಪ್ರತಿ ಎಣಿಕೆಗೂ 'ಲೆಂಟೊ' ಎಂಬ ಪದವನ್ನು ಹಚ್ಚಿದರೆ ವೇಗ ಅರ್ಧಕ್ಕೆ ಬಂದು ನಿಲ್ಲುತ್ತದೆ. ನಮ್ಮ ಸಂಗೀತ ಬಲ್ಲವರಿಗೆ ಇದು ಹೊಸದಲ್ಲ. ಆದಿತಾಳವನ್ನು ಒಂದು ಕಳೆಗೂ (ಪ್ರತಿ ಎಣಿಕೆಗೆ ಒಂದು ಪೆಟ್ಟು) ಹಾಕಬಹುದು, ಎರಡು ಕಳೆಗೂ (ಪ್ರತಿ ಎಣಿಕೆಗೆ ಎರಡು ಪೆಟ್ಟು) ಹಾಕಬಹುದು. ಎರಡು ಕಳೆಯ ತಾಳ ಹಾಕುವ ಕೈಗೆ ಒಂದು ಕಳೆಯ ಕೃತಿಯನ್ನು ಕೊಟ್ಟರೆ ಏನಾಗುತ್ತದೋ ಇಲ್ಲೂ ಅದೇ ಆಗಿದೆ.

ಮೊನ್ನೆ ಮೊಬೈಲಿನ ಮೆಟ್ರೊನೋಮನ್ನು 100ಕ್ಕೆ ಇಟ್ಟುಕೊಂಡು ಮೊದಲ ಸಾಲನ್ನು ಗುನುಗಿ ನೋಡಿದೆ. ಆ ಸಾಲು ಐದು ಬಾರ್ ಉದ್ದ, ಅಂದರೆ 20 ಕ್ವೇವರ್, 12 ಸೆಕೆಂಡು. ನನ್ನಂಥ ಬಾತ್‌ರೂಮ್ ಗಾಯಕನಿಗೂ ಒಂದೇ ಉಸಿರಿನಲ್ಲಿ ಮುಗಿಯಿತು. ಬಳಿಕ 54ಕ್ಕೆ ಇಳಿಸಿದೆ. ಅದೇ ಸಾಲು 22 ಸೆಕೆಂಡು ಹಿಡಿಯುತ್ತದೆ. ನಾಲ್ಕನೆಯ ಬಾರ್‌ಗೆ ಬರುವಷ್ಟರಲ್ಲಿ ಉಸಿರು ಖಾಲಿ. ಪಿಯಾನೋಗೆ ಉಸಿರಿನ ಹಂಗಿಲ್ಲ, ನಿಜ. ಆದರೆ ಶಿಷ್ಯರಿಗೆ ಇಟಾಲಿಯನ್ ಒಪೆರಾ ಗಾಯಕರನ್ನು ಕೇಳಿ ಕಲಿಯಿರಿ ಎಂದು ಹೇಳುತ್ತಿದ್ದವನು ಶೋಪ್ಯಾನ್. ಈ ಮಾತನ್ನು ನಿಧಾನಗತಿಯ ಪರ ಇರುವವರೇ ಹೆಚ್ಚಾಗಿ ಉಲ್ಲೇಖಿಸುತ್ತಾರೆ ಎಂಬುದು ಸ್ವಾರಸ್ಯ.

ಇನ್ನೂ ಗಟ್ಟಿಯಾದ ಸಾಕ್ಷಿ 21ನೆಯ ಬಾರ್‌ನಲ್ಲಿದೆ. ನಡುವಿನ ಭಾಗ ಆರಂಭವಾಗುವ ಈ ಜಾಗದಲ್ಲಿ ಶೋಪ್ಯಾನ್ ಬರೆದದ್ದು 'ಪೊಕೊ ಪಿಯು ಅನಿಮಾತೊ', ಎಂದರೆ ಸ್ವಲ್ಪ ಹೆಚ್ಚು ಚೈತನ್ಯದಿಂದ. ಸ್ವಲ್ಪ! ಆರಂಭ 100ರಲ್ಲಿ ಹರಿಯುತ್ತಿದ್ದರೆ ಇಲ್ಲಿ ಒಂದು ಸಣ್ಣ ನೂಕು ಸಾಕು. ಆರಂಭ 55ರಲ್ಲಿ ತೆವಳುತ್ತಿದ್ದರೆ ಮುಂದೆ ಬರುವ ಜೋಡಿಸ್ವರಗಳ ಬಿರುಗಾಳಿಯನ್ನು ಆ ವೇಗದಲ್ಲಿ ನುಡಿಸುವಂತೆಯೇ ಇಲ್ಲ. ವೇಗವನ್ನು ಸುಮಾರು ಎರಡು ಪಟ್ಟು ಮಾಡಬೇಕಾಗುತ್ತದೆ. ಕಛೇರಿಗಳಲ್ಲಿ ನಾವು ಕೇಳುವುದು ಹೆಚ್ಚಾಗಿ ಇದನ್ನೇ. ಒಂದು ಶೋಕಗೀತೆ, ನಡುವೆ ಒಂದು ದೊಂಬಿ, ಮತ್ತೆ ಅದೇ ಶೋಕಗೀತೆ.

ಶೋಕ ಎಲ್ಲಿಂದ ಬಂತು? ಶಿಷ್ಯ ಅಡಾಲ್ಫ್ ಗುಟ್‌ಮನ್ ಈ ಕೃತಿಯನ್ನು ನುಡಿಸುತ್ತಿದ್ದಾಗ ಶೋಪ್ಯಾನ್ ಕೈಯೆತ್ತಿ 'ಓ ನನ್ನ ತಾಯ್ನಾಡೇ' ಎಂದು ಉದ್ಗರಿಸಿದನಂತೆ. ಗುಟ್‌ಮನ್ ಹೇಳಿದ ಈ ಕಥೆಯನ್ನು 1888ರ ಜೀವನಚರಿತ್ರೆಯಲ್ಲಿ ಫ್ರೆಡರಿಕ್ ನೀಕ್ಸ್ ದಾಖಲಿಸಿದ್ದಾನೆ. ಶೋಪ್ಯಾನ್ ತೀರಿಕೊಂಡದ್ದು 1849ರಲ್ಲಿ. ಕಥೆ ನಿಜವೇ ಇರಬಹುದು, ಆದರೆ ತಾಯ್ನಾಡನ್ನು ನೆನೆದು ಮರುಗುವುದಕ್ಕೂ ಮೆಟ್ರೊನೋಮ್ ಇಳಿಸುವುದಕ್ಕೂ ಸಂಬಂಧ ಕಲ್ಪಿಸಿದ್ದು ಕೇಳಿದವರು. ಆಮೇಲೆ 'ತ್ರಿಸ್ತೆಸ್' ಎಂಬ ಅಡ್ಡಹೆಸರು ಅಂಟಿತು, ಫ್ರೆಂಚಿನಲ್ಲಿ ದುಃಖ. ಇದು ಶೋಪ್ಯಾನ್ ಇಟ್ಟ ಹೆಸರಲ್ಲ. 1930ರ ದಶಕದಿಂದ ಈ ರಾಗಕ್ಕೆ ಸಾಹಿತ್ಯ ಕೂಡಿಸಿದ ಹಾಡುಗಳು ಬಂದವು. ಜಪಾನಿನಲ್ಲಂತೂ 1934ರ ಜರ್ಮನ್ ಚಲನಚಿತ್ರವೊಂದರ ದೆಸೆಯಿಂದ ಇದಕ್ಕೆ 'ಅಗಲಿಕೆಯ ಹಾಡು' ಎಂದೇ ಹೆಸರು. ದುಃಖ, ಅಗಲಿಕೆ ಎಂದು ಮೊದಲೇ ಹೇಳಿ ಕೂರಿಸಿದ ಮೇಲೆ ಕೇಳುಗ ಚುರುಕು ನಡೆಯನ್ನು ಒಪ್ಪುವುದಾದರೂ ಹೇಗೆ?

ವಾದ್ಯವೂ ಸುಮ್ಮನಿರಲಿಲ್ಲ. ಶೋಪ್ಯಾನ್‌ಗೆ ಪ್ರಿಯವಾಗಿದ್ದ ಪ್ಲೆಯೆಲ್ ಪಿಯಾನೋದ ಕೀಲಿಗಳು ಹಗುರ, ನಾದದ ಆಯಸ್ಸೂ ಕಡಿಮೆ. ಒಂದು ಸ್ವರ ಸಾಯುವ ಮೊದಲೇ ಮುಂದಿನದು ಬರದಿದ್ದರೆ ರಾಗದ ಎಳೆ ಕಡಿದುಹೋಗುತ್ತದೆ. ಇಂದಿನ ಕಬ್ಬಿಣದ ಚೌಕಟ್ಟಿನ ಗ್ರ್ಯಾಂಡ್ ಪಿಯಾನೋದಲ್ಲಿ ನಾದ ಎಷ್ಟೋ ಹೊತ್ತು ನಿಲ್ಲುತ್ತದೆ. ನಿಲ್ಲುತ್ತದೆ ಎಂದ ಮೇಲೆ ನಿಲ್ಲಿಸಿ ಸವಿಯೋಣ ಎನ್ನಿಸುವುದು ಸಹಜ.

ಅಂಕಿಯನ್ನು ಬದಿಗಿಡುವವರ ಮಾತಿನಲ್ಲೂ ಹುರುಳಿಲ್ಲದೆ ಇಲ್ಲ. ಓಪಸ್ 27ರ ನಂತರ ಶೋಪ್ಯಾನ್ ಮೆಟ್ರೊನೋಮ್ ಅಂಕಿ ಕೊಡುವುದನ್ನೇ ಬಿಟ್ಟ. ಆತನ ನುಡಿಸಾಣಿಕೆ ತಾಳಕ್ಕೆ ಸಿಗುತ್ತಿರಲಿಲ್ಲ ಎಂದು ಸಂಗೀತಕಾರ ಬರ್ಲಿಯೋಜ್ ದೂರಿದ್ದಾನೆ. ಮಜುರ್ಕಾ (ಪೋಲಿಷ್ ಕುಣಿತದ ಧಾಟಿಯ ಕೃತಿ) ಒಂದು 3/4ರಲ್ಲಿದೆಯೋ 2/4ರಲ್ಲಿದೆಯೋ ಎಂಬ ವಿಷಯಕ್ಕೆ ಒಪೆರಾ ಸಂಗೀತಕಾರ ಮೆಯರ್‌ಬೇರ್ ಜೊತೆ ಜಗಳವೇ ಆಗಿ, ಶೋಪ್ಯಾನ್ ಪೆನ್ಸಿಲಿನಿಂದ ಪಿಯಾನೋ ಕುಟ್ಟುತ್ತ ತಾಳ ಹಾಕಿ ತೋರಿಸಿದ್ದನ್ನು ಅಲ್ಲೇ ಇದ್ದ ಶಿಷ್ಯ ಲೆಂಜ್ ಬರೆದಿಟ್ಟಿದ್ದಾನೆ. ಇನ್ನೊಬ್ಬ ಶಿಷ್ಯ ಮಿಕುಲಿಯ ಮಾತು ಪೂರ್ತಿ ಉಲ್ಟಾ: ತಾಳದ ವಿಷಯದಲ್ಲಿ ಗುರು ಕಟ್ಟುನಿಟ್ಟು, ಮೆಟ್ರೊನೋಮ್ ಪಿಯಾನೋ ಬಿಟ್ಟು ಕದಲುತ್ತಿರಲಿಲ್ಲ. ಎಡಗೈ ತಾಳ ಬಿಡಬಾರದು, ಬಲಗೈ ಬೇಕಾದರೆ ಅದರ ಮೇಲೆ ಓಲಾಡಲಿ. ಈ ಓಲಾಟಕ್ಕೆ ಎಡಗೈಯಲ್ಲಿ ನಡೆ ಎಂಬುದೊಂದು ಇರಬೇಕಷ್ಟೆ.

ಇತ್ತೀಚೆಗೆ ಮೂರನೆಯ ಗುಂಪೊಂದು ಸೇರಿಕೊಂಡಿದೆ. 1980ರಲ್ಲಿ ವಿಲ್ಲೆಮ್ ಟಾಲ್ಸ್‌ಮಾ ಮುಂದಿಟ್ಟ ವಾದವನ್ನು ಯೂಟ್ಯೂಬ್ ಯುಗದಲ್ಲಿ ಮತ್ತೆ ಮೇಲೆತ್ತಿದವರು ಇವರು. ಹಳೆಯ ಕಾಲದಲ್ಲಿ ಮೆಟ್ರೊನೋಮಿನ ಎರಡು ಟಿಕ್ ಸೇರಿದರೆ ಒಂದು ಪೆಟ್ಟು, ಆದ್ದರಿಂದ ಮುದ್ರಿತ ಅಂಕಿಗಳನ್ನೆಲ್ಲ ಅರ್ಧ ಮಾಡಿ ಓದಬೇಕು ಎನ್ನುತ್ತಾರೆ. ಓಪಸ್ 10ರ ಮೊದಲ ಎಟ್ಯೂಡ್‌ನ ವೇಗ ಕ್ರಾಚೆಟ್‌ಗೆ 176. ಸೆಕೆಂಡಿಗೆ ಹನ್ನೆರಡರ ಹತ್ತಿರ ಸ್ವರ. ಬೆರಳು ಸೋತವರಿಗೆ ಈ ವಾದ ಅಮೃತ. ಆದರೆ ಅದೇ ನಿಯಮವನ್ನು ಮೂರನೆಯ ಎಟ್ಯೂಡ್‌ಗೂ ಹಚ್ಚಿದರೆ ಕ್ವೇವರ್ 50ಕ್ಕೆ ಇಳಿದು ಕೃತಿ ಆರು ನಿಮಿಷ ದಾಟುತ್ತದೆ. 'ವಿವಾಚೆ' ಎಂದು ಬರೆದವನ ಕೃತಿ ಆರು ನಿಮಿಷ!

ಶೋಪ್ಯಾನ್‌ನ ಹಸ್ತಪ್ರತಿಯ ಕೊನೆಯಲ್ಲಿ ಇನ್ನೊಂದು ಸೂಚನೆ ಇದೆ. ಇಂದು ಚಲಾವಣೆಯಲ್ಲಿರುವ ಪುಸ್ತಕಗಳಲ್ಲಿ ಅದು ಸಾಮಾನ್ಯವಾಗಿ ಕಾಣುವುದಿಲ್ಲ. 'ಅತ್ತಾಕ ಇಲ್ ಪ್ರೆಸ್ತೊ ಕಾನ್ ಫುಒಕೊ'. ಅಂದರೆ ಕೊನೆಯ ಸ್ವರ ಮುಗಿದದ್ದೇ ತಡ, ನಿಲ್ಲದೆ ಮುಂದಿನ ಎಟ್ಯೂಡ್‌ಗೆ ನುಗ್ಗಬೇಕು. ಆ ನಾಲ್ಕನೆಯ ಎಟ್ಯೂಡ್ ಬೆಂಕಿಯಂಥ ವೇಗದ್ದು. ಈಗಿನ ವೇದಿಕೆಯಲ್ಲಿ ಮೂರನೆಯದು ಮುಗಿದಾಗ ಕಲಾವಿದರು ಕೈಗಳನ್ನು ಮೆಲ್ಲಗೆ ತೊಡೆಯ ಮೇಲಿಟ್ಟು, ಕಣ್ಣುಮುಚ್ಚಿ, ಸಭಾಂಗಣದಲ್ಲಿ ಒಬ್ಬರಾದರೂ ಕೆಮ್ಮುವವರೆಗೆ ಕಾಯುತ್ತಾರೆ.