ಷಾ ಬಾನೊಗೂ ಮೊದಲು ಚಂದ್ರಗಿರಿಯ ನಾದಿರಾ

ಕಾಸರಗೋಡು ಪೇಟೆಯಿಂದ ತೆಂಕಕ್ಕೆ ಬಸ್ಸು ಹತ್ತಿದರೆ ಸ್ವಲ್ಪದರಲ್ಲೇ ಚಂದ್ರಗಿರಿ ಸೇತುವೆ. ನಾವು ಕನ್ನಡದವರು ಈ ಹೊಳೆಯನ್ನು ನೆನೆಯುವುದು ಹೆಚ್ಚಾಗಿ ಗಡಿಯ ಲೆಕ್ಕದಲ್ಲಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಹೇಳಿದ್ದು ಕಾಗದದಲ್ಲೇ ಉಳಿಯಿತು. ಈ ಹೊಳೆಗೆ ಇನ್ನೊಂದು ಗಡಿಯ ಕಥೆಯೂ ಇದೆ. ನಾಯರ್ ಹೆಂಗಸರು ಇದನ್ನು ದಾಟಿ ಬಡಗಕ್ಕೆ ಬರಬಾರದು ಎಂಬ ಕಟ್ಟುಪಾಡು ಹಿಂದೆ ಇತ್ತಂತೆ. ಇಂಥ ಕಟ್ಟುಪಾಡು ಗಂಡಸರಿಗೆ ಯಾವಾಗ ಇರುತ್ತೆ ಹೇಳಿ?

ಕನ್ನಡದ ಕಾದಂಬರಿಗಾರ್ತಿ ಸಾರಾ ಅಬೂಬಕ್ಕರ್ ಹುಟ್ಟಿದ್ದು ಇದೇ ಸೀಮೆಯಲ್ಲಿ, 1936ರ ಜೂನ್ 30ರಂದು. ಅಪ್ಪ ವಕೀಲರು. ಮನೆಮಾತು ಮಲಯಾಳಂ, ಶಾಲೆ ಕನ್ನಡ. ಆ ಕಾಲದಲ್ಲಿ ಕಾಸರಗೋಡಿನ ಮುಸ್ಲಿಂ ಹುಡುಗಿ ಹೈಸ್ಕೂಲಿನ ಮೆಟ್ಟಿಲು ಹತ್ತುವುದೇ ಅಪರೂಪ. ಹಾಗೆ ಓದಿದ ಮೊದಲಿಗರಲ್ಲಿ ಇವರೂ ಒಬ್ಬರು. ಮುಂದೆ ಓದುವ ಆಸೆಯಿತ್ತು, ಸುತ್ತಲಿನವರು ಬಿಡಲಿಲ್ಲ. ಮದುವೆಯಾಯಿತು, ನಾಲ್ವರು ಗಂಡುಮಕ್ಕಳಾದರು. ಲೈಬ್ರರಿಯ ಸದಸ್ಯತ್ವ ಅಂತ ಒಂದು ಸಿಕ್ಕಿದ್ದು 1963ರಲ್ಲಿ. ರಾಜ್ಯೋತ್ಸವ, ಅತ್ತಿಮಬ್ಬೆ, ನಾಡೋಜ ಎಂದು ಅವರ ಪ್ರಶಸ್ತಿಗಳ ಪಟ್ಟಿ ಉದ್ದ ಇದೆ. ನನಗೆ ಮಾತ್ರ ಆ ಲೈಬ್ರರಿ ಕಾರ್ಡೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಧಾರಾವಾಹಿಯಾಗಿ ಬಂತು. ಅಪ್ಪನ ಹಟಕ್ಕೆ ನಾದಿರಾಳಿಗೆ ತಲಾಖ್ ಆಗುತ್ತದೆ. ಅವಳನ್ನು ಕೇಳಿದವರಿಲ್ಲ. ಆಮೇಲೆ ಗಂಡನಿಗೂ ಅವಳು ಬೇಕು, ಅವಳಿಗೂ ಗಂಡ ಬೇಕು. ಆದರೆ ಒಂದಾಗಬೇಕಾದರೆ ಅವಳು ಬೇರೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಕಳೆದು, ಅವನಿಂದಲೂ ತಲಾಖ್ ಪಡೆಯಬೇಕು. ನಾದಿರಾ ಆ ರಾತ್ರಿಗೆ ಒಪ್ಪದೆ ಮಸೀದಿಯ ಕೆರೆಯಲ್ಲಿ ಜೀವ ಬಿಡುತ್ತಾಳೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದೇ ಉಸಿರಿನಲ್ಲಿ ಮೂರು ಸಲ ತಲಾಖ್ ಹೇಳಿ ಮುಗಿಸುವುದು ಖುರಾನಿನ ದಾರಿ ಅಲ್ಲ. ಒಮ್ಮೆ ಹೇಳಿ ಮೂರು ಮುಟ್ಟಿನ ಕಾಲ ಕಾಯಬೇಕು, ಎರಡೂ ಕಡೆಯ ಹಿರಿಯರು ರಾಜಿಗೆ ನೋಡಬೇಕು ಎನ್ನುವುದು ಅಲ್ಲಿನ ಕ್ರಮ. ಇನ್ನೊಂದು ಮದುವೆಯ ನಿಯಮವೂ ಗಂಡಿಗೆ ಹಾಕಿದ ಲಗಾಮು, ಬೇಕೆಂದಾಗ ಬಿಟ್ಟು ಬೇಕೆಂದಾಗ ಕರೆಯಬಾರದು ಅಂತ, ಎನ್ನುವ ವ್ಯಾಖ್ಯಾನಕಾರರಿದ್ದಾರೆ. ಇರಬಹುದು. ದಂಡ ಕಟ್ಟುತ್ತಾ ಬಂದವಳು ಮಾತ್ರ ಹೆಂಗಸು.

ನಾನು ಚಿಕ್ಕವನಿದ್ದಾಗ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರಿದ್ದರು, ಎಲ್ಲರೂ 'ಇತ್ತಾ' ಎಂದೇ ಕರೆಯುತ್ತಿದ್ದೆವು. ಸಂಜೆ ಜಗಲಿಯಲ್ಲಿ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸಿ, ಹೊಗೆಸೊಪ್ಪು ಉದುರಿಸಿ, ಸುತ್ತಿ, ನೂಲು ಬಿಗಿಯುವವರೆಗೆ ಕಣ್ಣು ಕೆಳಗೆ ನೋಡುತ್ತಿರಲಿಲ್ಲ, ಬೆರಳಿಗೇ ಎಲ್ಲ ಗೊತ್ತಿತ್ತು. ಅವರ ಬಳಿ ಬಿಸ್ಕತ್ತಿನ ತಗಡು ಡಬ್ಬಿ ಒಂದಿತ್ತು. ರೇಷನ್ ಕಾರ್ಡು, ಬೀಡಿಯ ಪಾಸ್ ಪುಸ್ತಕ, ಅದರಡಿಗೆ ನಾಲ್ಕು ಮಡಿಕೆಯ ಒಂದು ಕಾಗದ. ತಲಾಖಿನ ಕಾಗದ. ಅಂಚೆಯಲ್ಲಿ ಬಂದದ್ದು. ಒಮ್ಮೆ ಅಮ್ಮನ ಹತ್ತಿರ ಹೇಳಿದ್ದರು: "ಓದಿ ಹೇಳಿದ್ದು ಪೋಸ್ಟ್‌ಮ್ಯಾನ್ ಅಕ್ಕಾ. ಪಾಪ, ಅವನಿಗೇ ಕಣ್ಣಲ್ಲಿ ನೀರು." ಜೀವನಾಂಶದ ಮಾತು ಯಾರೂ ಎತ್ತಿದ್ದು ನನಗೆ ನೆನಪಿಲ್ಲ.

ಆ ಮಾತು ದೇಶದಲ್ಲಿ ಜೋರಾಗಿ ಎದ್ದದ್ದು ಇಂದೋರಿನ ಷಾ ಬಾನೊ ಅವರಿಂದ. ಐದು ಮಕ್ಕಳ ತಾಯಿ, ತಲಾಖ್ ಕೊಟ್ಟ ಗಂಡ ವಕೀಲ. ಕೆಳಗಿನ ಕೋರ್ಟು ತಿಂಗಳಿಗೆ 25 ರೂಪಾಯಿ ಜೀವನಾಂಶ ಕೊಡಿಸಿತು. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆ ಮಾಡಿತು. ಅಷ್ಟನ್ನೂ ಕೊಡಲಾರೆ ಎಂದು ಗಂಡ ಸುಪ್ರೀಂ ಕೋರ್ಟಿಗೆ ಹೋದ. 1985ರ ಏಪ್ರಿಲ್ 23ರಂದು ಕೋರ್ಟು ಷಾ ಬಾನೊ ಪರ ನಿಂತಿತು, ಮರುವರ್ಷವೇ ಸಂಸತ್ತು ಹೊಸ ಕಾನೂನು ತಂದು ಆ ತೀರ್ಪಿನ ಹಲ್ಲು ಕಿತ್ತಿತು. 2001ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನೇ ಹೆಂಗಸರಿಗೆ ಅನುಕೂಲವಾಗುವಂತೆ ಓದಿತು: ಕೊಡುವುದನ್ನು ಇದ್ದತ್, ಅಂದರೆ ತಲಾಖಿನ ನಂತರ ಕಾಯುವ ಅವಧಿ, ಮುಗಿಯುವುದರೊಳಗೆ ಕೊಡಬೇಕು, ಆದರೆ ಅದು ಮುಂದಿನ ಬದುಕಿಗೂ ಸಾಲುವಂತಿರಬೇಕು.

ಸಾರಾ ಈ ಗದ್ದಲಕ್ಕೆ ನಾಲ್ಕು ವರ್ಷ ಮೊದಲೇ ಬರೆದಿದ್ದರು ಎಂಬುದು ನೆನಪಿರಲಿ. ಆಮೇಲೂ ಬರೆದರು. ಮಂಗಳೂರಿನಲ್ಲಿ ನೆಲೆಸಿ 1990ರಿಂದ 1994ರವರೆಗೆ ಕರಾವಳಿ ಲೇಖಕಿಯರ ಮತ್ತು ವಾಚಕಿಯರ ಸಂಘ ನಡೆಸಿದರು. ಸಂಘದ ಹೆಸರು ನೋಡಿ, ಬರೆಯುವವರ ಜೊತೆ ಓದುವ ಹೆಂಗಸರಿಗೂ ಜಾಗ. ಸ್ವಂತ ಸಮುದಾಯದ ಸಂಪ್ರದಾಯಸ್ಥರನ್ನು ಎದುರು ಹಾಕಿಕೊಂಡರು. ಹಿಂದೂ ಕೋಮುವಾದವನ್ನೂ ಬಿಡಲಿಲ್ಲ, ಹೀಗಾಗಿ ಎರಡೂ ಕಡೆಗೆ ಬೇಡವಾದರು.

ಕಾಸರಗೋಡಿನ ಹೆಂಗಸರಿಗೆ ಇನ್ನೊಂದು ತೊಡಕಿತ್ತು. ಗಂಡ ಬಾಯಿಮಾತಿನಲ್ಲಿ ಬಿಡಬಹುದು. ಹೆಂಡತಿಗೆ ಬಿಡುಗಡೆ ಬೇಕಿದ್ದರೆ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಹಿಡಿದು ಕೋರ್ಟಿಗೇ ಹೋಗಬೇಕು ಎಂದು ಕೇರಳ ಹೈಕೋರ್ಟು 1972ರಲ್ಲಿ ಹೇಳಿತ್ತು. ಹೆಂಡತಿಯೇ ಬಿಡುಗಡೆ ಕೇಳುವ ಖುಲಾದಂಥ ದಾರಿಗಳು ಧರ್ಮದಲ್ಲಿದ್ದರೂ ಕಾನೂನಿನಲ್ಲಿ ಮುಚ್ಚಿಹೋದವು. ಅದೇ ಹೈಕೋರ್ಟು ಆ ತೀರ್ಪು ತಪ್ಪು ಎಂದದ್ದು 2021ರ ಏಪ್ರಿಲಿನಲ್ಲಿ. ನಲವತ್ತೊಂಬತ್ತು ವರ್ಷ! ಈ ತೀರ್ಪಿನ ಬಗ್ಗೆ ಟೀವಿಯಲ್ಲಿ ಅಷ್ಟೇನೂ ಚರ್ಚೆ ಆಗಲಿಲ್ಲ, ಅಲ್ವಾ?

ಚರ್ಚೆ ಆದದ್ದು ತ್ರಿವಳಿ ತಲಾಖ್ ಬಗ್ಗೆ. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ಮೂವರು ಜಡ್ಜುಗಳು ಅದನ್ನು ತಳ್ಳಿಹಾಕಿದರು. 2019ರಲ್ಲಿ ಅದು ಮೂರು ವರ್ಷದವರೆಗೆ ಜೈಲಾಗುವ ಅಪರಾಧವಾಯಿತು. ತೀರ್ಪಿಗೆ ನನ್ನ ತಕರಾರಿಲ್ಲ. ಜೈಲಿನ ಬಗ್ಗೆ ಇದೆ. ಒಳಗೆ ಕೂತ ಗಂಡ ಜೀವನಾಂಶವನ್ನು ಎಲ್ಲಿಂದ ತರುತ್ತಾನೆ?

ನಾದಿರಾ ಒಪ್ಪದ ಆ ಒಂದು ರಾತ್ರಿಯ ವಿಷಯಕ್ಕೆ, ಅಂದರೆ ನಿಕಾಹ್ ಹಲಾಲಕ್ಕೆ, 2017ರ ಪೀಠ ಕೈ ಹಾಕಲಿಲ್ಲ. ಅದರ ವಿರುದ್ಧದ ಅರ್ಜಿಗಳನ್ನು 2018ರಲ್ಲಿ ಸಂವಿಧಾನ ಪೀಠಕ್ಕೆ ಒಪ್ಪಿಸಲಾಯಿತು. 2023ರ ಜನವರಿ 10ರಂದು ಸಾರಾ ಮಂಗಳೂರಿನಲ್ಲಿ ತೀರಿಕೊಂಡಾಗ ಅವು ಇನ್ನೂ ಅಲ್ಲೇ ಇದ್ದವು.